ಬಹಿರ್ದೆಸೆಯ ಮಾತು

ನಮ್ಮ ಕೂಟದ ಹಬ್ಬದೂಟದಲ್ಲಿ ಪಂಕ್ತಿ ಕೂತವರ ಮಾತಿಗೆ ಎಲ್ಲೆಯೆಂಬುದಿಲ್ಲ. ಮಂಡಿ ಬದಲಾಯಿಸಿದ್ದು, ಸಕ್ಕರೆ ಏರಿದ್ದು, ರಕ್ತದೊತ್ತಡ ಇಳಿದದ್ದು, ಮಗಳ ಕಾಲೇಜಿನ ಖರ್ಚು, ಮಗನ ಮದುವೆಯ ಚಿಂತೆ, ಎಲ್ಲವೂ ಪಾಯಸದ ಜೊತೆಗೇ ಎಲೆಗೆ ಬೀಳುತ್ತವೆ. ಆದರೆ ಹಾಗೆ ತಿಂದದ್ದು ಮುಂದೆ ಏನಾಯಿತು ಎಂಬ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ನಮ್ಮ ಭಾಷೆಯೇ ಈ ವಿಷಯಕ್ಕೆ ಎಷ್ಟೊಂದು ಮುಸುಕು ಹೊಲಿದುಕೊಟ್ಟಿದೆ ನೋಡಿ: ಬಹಿರ್ದೆಸೆ, ಹೊರಕಡೆ, ಕೆರೆಕಡೆ, ಎರಡಕ್ಕೆ, ತಂಬಿಗೆ ಹಿಡಿದು ಹೋಗುವುದು. ಅಮೆರಿಕಕ್ಕೆ ಬಂದ ಮೇಲೆ ತಂಬಿಗೆಯನ್ನು ಬಿಟ್ಟೆವು, ಮುಸುಕನ್ನು ಬಿಡಲಿಲ್ಲ.

ನಾನು ಔಷಧದಂಗಡಿಯಲ್ಲಿ ಫಾರ್ಮಸಿಸ್ಟ್ ಆಗಿರುವುದರಿಂದ ಈ ಮುಸುಕಿನ ಹಿಂದಿನ ಮಾತು ನನ್ನ ಪಾಲಿಗೆ ಬರುತ್ತದೆ. ಭಾನುವಾರ ಸಂಜೆ ಫೋನು. ಯೋಗಕ್ಷೇಮ, ಹಿಮ, ಮಕ್ಕಳು ಎಲ್ಲ ಮುಗಿದು ಇನ್ನೇನು ಇಡಬೇಕು ಅನ್ನುವಾಗ ಆ ಕಡೆಯ ದನಿ ತಗ್ಗುತ್ತದೆ. “ಅಂದಹಾಗೆ, ನಮ್ಮ ಅತ್ತೆಯವರಿಗೆ ಮೂರು ದಿನದಿಂದ ಸ್ವಲ್ಪ...” ಅಷ್ಟೆ. ವಾಕ್ಯವನ್ನು ಪೂರ್ತಿ ಮಾಡುವ ಕೆಲಸ ನನ್ನದು. ಇವತ್ತು ಅದನ್ನೇ ಬರವಣಿಗೆಯಲ್ಲಿ ಮಾಡುತ್ತಿದ್ದೇನೆ. ಊಟಕ್ಕೆ ಮುಂಚೆ ಪತ್ರಿಕೆ ಬಿಚ್ಚಿದವರು ಈ ಪುಟವನ್ನು ಮಗುಚಿ ಅಡುಗೆಯ ಪುಟಕ್ಕೆ ಹೋಗಬಹುದು, ಆದರೆ ಊಟವಾದ ಮೇಲೆ ದಯವಿಟ್ಟು ಹಿಂದಕ್ಕೆ ಬನ್ನಿ.

ನಮ್ಮ ಬಾಲ್ಯದಲ್ಲಿ ಇದು ಗುಟ್ಟಿನ ವಿಷಯವಾಗಿರಲಿಲ್ಲ. ಅಜ್ಜಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಹರಳೆಣ್ಣೆ ಕುಡಿಸುತ್ತಿದ್ದರು. ಮೂಗು ಹಿಡಿದು, ಒಂದು ಗುಟುಕು, ಮೇಲೆ ಬಿಸಿ ಕಾಫಿ. ಆ ದಿನ ಶಾಲೆಯಿಲ್ಲ, ಮಧ್ಯಾಹ್ನ ಮೆತ್ತಗಿನ ಅನ್ನ, ತಿಳಿಸಾರು. ಹೊಟ್ಟೆ ‘ತೊಳೆಯುವುದು’ ಆರೋಗ್ಯಕ್ಕೆ ಒಳ್ಳೆಯದೆಂಬ ನಂಬಿಕೆ. ಹರಳೆಣ್ಣೆ ಸಣ್ಣ ಕರುಳಿನಲ್ಲಿ ಒಡೆದು ರಿಸಿನೋಲಿಕ್ ಆಮ್ಲವಾಗುತ್ತದೆ. ಅದು ಕರುಳಿನ ಸ್ನಾಯುಗಳನ್ನು ಹಿಂಡಿಸುತ್ತದೆ. ಗರ್ಭಕೋಶದ ಸ್ನಾಯುವಿನ ಮೇಲೂ ಅದರ ಕೈವಾಡ ಉಂಟು ಎಂಬುದನ್ನು 2012ರಲ್ಲಿ ವಿಜ್ಞಾನಿಗಳು ವಿವರವಾಗಿ ತೋರಿಸಿದರು. ಬಸುರಿಯರಿಗೆ ಹರಳೆಣ್ಣೆ ಕೊಡಬಾರದೆನ್ನುವುದು ಇದಕ್ಕೇ. ಆರೋಗ್ಯವಾಗಿರುವ ಮಗುವಿನ ಹೊಟ್ಟೆಯನ್ನು ತಿಂಗಳಿಗೊಮ್ಮೆ ತೊಳೆಯುವ ಅಗತ್ಯವೇ ಇಲ್ಲ. ಅಜ್ಜಿಯ ಪ್ರೀತಿ ನೆನಪಿರಲಿ, ಎಣ್ಣೆ ದೀಪಕ್ಕಿರಲಿ.

ಈಗ ಅಂಗಡಿಯ ಕಪಾಟಿಗೆ ಬರೋಣ. ಅಲ್ಲಿ ಸಾಲಾಗಿ ನಿಂತಿರುವ ಭೇದಿ ಔಷಧಿಗಳೆಲ್ಲ ಒಂದೇ ಜಾತಿಯವಲ್ಲ. ಇಸಬಗೋಲು ನೀರು ಹೀರಿ ಉಬ್ಬಿ ಮಲಕ್ಕೆ ಗಾತ್ರ ಕೊಡುತ್ತದೆ. ಜೊತೆಗೆ ದೊಡ್ಡ ಲೋಟ ನೀರು ಕುಡಿಯದಿದ್ದರೆ ಅದೇ ಅಡ್ಡ ಕೂರುತ್ತದೆ. ಮಿರಾಲ್ಯಾಕ್ಸ್ ಎಂಬ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಕರುಳಿನಲ್ಲಿ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ; ಅದು 2006ರಿಂದ ಇಲ್ಲಿ ಚೀಟಿಯಿಲ್ಲದೆ ಸಿಗುತ್ತಿದೆ. ಮೂರನೆಯ ಜಾತಿಯೇ ಇವತ್ತಿನ ನಮ್ಮ ವಿಷಯ, ಕರುಳನ್ನು ಚಿವುಟಿ ಎಬ್ಬಿಸುವ ಔಷಧಿಗಳು. ಇವುಗಳಲ್ಲಿ ಮುಖ್ಯವಾದವು ಎರಡು. ಒಂದು ಸೆನ್ನ, ಅಂದರೆ ನಮ್ಮ ಸೋನಾಮುಖಿ ಸೊಪ್ಪು. ಇಲ್ಲಿ ಸೆನೊಕಾಟ್ ಮುಂತಾದ ಹೆಸರಿನಲ್ಲಿ ಸಿಗುತ್ತದೆ. ಇನ್ನೊಂದು ಬಿಸಕೊಡಿಲ್, ಡಲ್ಕೊಲ್ಯಾಕ್ಸ್ ಎಂಬ ಹೆಸರಿನದು.

ಸೋನಾಮುಖಿಯ ಸತ್ವ ಜಠರದಲ್ಲಿ ಏನೂ ಮಾಡದೆ ಸುಮ್ಮನೆ ಇಳಿದು ದೊಡ್ಡ ಕರುಳಿಗೆ ಹೋಗುತ್ತದೆ. ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಒಡೆದಾಗಲೇ ಅದಕ್ಕೆ ಜೀವ ಬರುವುದು. ಅದಕ್ಕೇ ರಾತ್ರಿ ಮಲಗುವಾಗ ತೆಗೆದುಕೊಂಡರೆ ಬೆಳಿಗ್ಗೆ ಕೆಲಸ. 6ರಿಂದ 12 ಗಂಟೆ ಹಿಡಿಯುತ್ತದೆ. ಇದನ್ನರಿಯದವರು ಎರಡು ಗಂಟೆ ಕಾದು, “ಇದೇನೂ ಪ್ರಯೋಜನವಿಲ್ಲ” ಎಂದು ಇನ್ನೆರಡು ನುಂಗಿ, ಮಾರನೆಯ ದಿನವಿಡೀ ಹೊಟ್ಟೆ ಹಿಡಿದುಕೊಂಡು ಓಡಾಡುತ್ತಾರೆ. ಬಿಸಕೊಡಿಲ್ ಮಾತ್ರೆಗೂ ಸುಮಾರು ಅಷ್ಟೇ ಹೊತ್ತು. ಅದಕ್ಕೊಂದು ಲೇಪವಿದೆ, ಜಠರದಲ್ಲಿ ಕರಗದೆ ಮುಂದೆ ಹೋಗಿ ಕರಗಲಿ ಎಂದು. ಆದ್ದರಿಂದ ಅದನ್ನು ಅಗಿಯಬಾರದು, ಪುಡಿ ಮಾಡಬಾರದು, ಹಾಲಿನ ಜೊತೆಗಾಗಲಿ ಆಮ್ಲಪಿತ್ತದ ಔಷಧಿಯ ಜೊತೆಗಾಗಲಿ ನುಂಗಬಾರದು; ನಡುವೆ ಒಂದು ಗಂಟೆಯಾದರೂ ಇರಲಿ. ರಾತ್ರಿ ಹಾಲು ಕುಡಿದು ಮಾತ್ರೆ ನುಂಗುವ ನಮ್ಮ ಹಿರಿಯರಿಗೆ ಇದನ್ನು ಬಿಡಿಸಿ ಹೇಳಬೇಕು. ಲೇಪ ಬೇಗ ಕರಗಿದರೆ ಹೊಟ್ಟೆ ತೊಳಸುತ್ತದೆ, ನುಲಿಯುತ್ತದೆ.

ಊರಿನಿಂದ ಬರುವ ತಂದೆತಾಯಿಗಳಿಗೆ ಈ ತೊಂದರೆ ಹೆಚ್ಚು. ಆಶ್ಚರ್ಯವೇನಿಲ್ಲ. ವಿಮಾನದಲ್ಲಿ ಇಡೀ ದಿನ ನೀರು ಕುಡಿಯದೆ ಕೂತಿರುತ್ತಾರೆ. ಇಲ್ಲಿ ಚಳಿಗೆ ನಡಿಗೆ ನಿಲ್ಲುತ್ತದೆ, ಬಾಯಾರಿಕೆಯೂ ಆಗುವುದಿಲ್ಲ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಕೆಲವು ರಕ್ತದೊತ್ತಡದ ಮಾತ್ರೆಗಳೇ ಮಲವನ್ನು ಕಟ್ಟುತ್ತವೆ. ಜೀವಮಾನವೆಲ್ಲ ಕುಕ್ಕರುಗಾಲಿನಲ್ಲಿ ಕೂತವರಿಗೆ ಕುರ್ಚಿಯಂಥ ಕಮೋಡು ಒಗ್ಗುವುದಿಲ್ಲ. ಎಲ್ಲಕ್ಕೂ ಮಿಗಿಲಾಗಿ, ಬೆಳಿಗ್ಗೆ ಮಗ, ಸೊಸೆ, ಮೊಮ್ಮಕ್ಕಳು ಬಚ್ಚಲಿಗಾಗಿ ಸಾಲು ನಿಂತಿರುವಾಗ ‘ನನ್ನದೇನು, ಆಮೇಲೆ ಹೋದರಾಯಿತು’ ಎಂದು ಬಂದದ್ದನ್ನು ತಡೆದುಕೊಳ್ಳುತ್ತಾರೆ. ಕಾಲಿನ ಕೆಳಗೆ ಒಂದು ಮಣೆ, ಕಾಫಿ ಕುಡಿದ ಮೇಲೆ ಕಾಲು ಗಂಟೆ ಯಾರೂ ಬಾಗಿಲು ತಟ್ಟದ ಬಿಡುವು, ನಾಲ್ಕಾರು ಒಣದ್ರಾಕ್ಷಿ, ನೀರು. ಅರ್ಧ ಮಂದಿಗೆ ಇಷ್ಟೇ ಸಾಕು.

ಆದರೆ ಹಿರಿಯರು ಬಾಯಿ ಬಿಡುವುದಿಲ್ಲ. ಸಾಮಾನಿನ ಪೆಟ್ಟಿಗೆಯಲ್ಲಿ ಚೂರ್ಣ ತಂದಿರುತ್ತಾರೆ. ನಮ್ಮ ಮಾವನವರು ಬಂದಾಗ ಹೀಗೇ ಆಯಿತು. ಒಂದು ಬೆಳಿಗ್ಗೆ ಎದ್ದು ನಿಂತವರಿಗೆ ತಲೆ ಸುತ್ತಿ ಬಂದು ಗೋಡೆ ಹಿಡಿದರು. ಅವರ ಕೋಣೆಯ ಕಿಟಕಿಯ ಕಟ್ಟೆಯ ಮೇಲೆ ಬೆಂಗಳೂರಿನ ಚೂರ್ಣದ ಡಬ್ಬಿ, ಪಕ್ಕದಲ್ಲಿ ಇಲ್ಲಿನ ‘ಗಿಡಮೂಲಿಕೆ’ ಮಾತ್ರೆಯ ಸೀಸೆ. ರಾತ್ರಿ ಎರಡನ್ನೂ ತೆಗೆದುಕೊಳ್ಳುತ್ತಿದ್ದರು.

“ಅದು ಊರಿನದು, ಇದು ಇಲ್ಲಿಯದು. ಎರಡೂ ಬೇರೆ ಬೇರೆ ಅಲ್ಲವೇನಮ್ಮಾ?” ಎಂದರು.

“ಎಲೆ ಒಂದೇ, ಮಾವ. ತಿರುನೆಲ್ವೇಲಿಯ ಕಡೆಯ ಹೊಲದಿಂದ ಒಂದು ಮೂಟೆ ಬೆಂಗಳೂರಿಗೆ ಹೋಗಿ ಚೂರ್ಣವಾಯಿತು, ಇನ್ನೊಂದು ಹಡಗು ಹತ್ತಿ ಮಾತ್ರೆಯಾಯಿತು ಅಂದುಕೊಳ್ಳಿ. ನಮ್ಮ ಮನೆಯಲ್ಲಿ ಮತ್ತೆ ಒಂದಾಗಿವೆ” ಎಂದೆ.

ಅವರು ನಕ್ಕರು. ಆದರೆ ನಗುವ ವಿಷಯವಾಗಿರಲಿಲ್ಲ. ಅವರು ಮೂತ್ರ ಹೆಚ್ಚಿಸುವ ರಕ್ತದೊತ್ತಡದ ಮಾತ್ರೆಯನ್ನೂ ತೆಗೆದುಕೊಳ್ಳುವವರು. ಅದು ಒಂದು ದಾರಿಯಿಂದ, ಭೇದಿ ಇನ್ನೊಂದು ದಾರಿಯಿಂದ ಮೈಯ ನೀರನ್ನೂ ಪೊಟ್ಯಾಸಿಯಂ ಲವಣವನ್ನೂ ಸೋರಿಸುತ್ತಿದ್ದವು. ರಕ್ತಪರೀಕ್ಷೆಯಲ್ಲಿ ಪೊಟ್ಯಾಸಿಯಂ ಕಡಿಮೆಯೇ ಇತ್ತು. ಪೊಟ್ಯಾಸಿಯಂ ತೀರ ಇಳಿದರೆ ಹೃದಯದ ಬಡಿತವೇ ತಪ್ಪಬಹುದು. ಡಿಜಾಕ್ಸಿನ್ ತೆಗೆದುಕೊಳ್ಳುವವರಿಗಂತೂ ಅಪಾಯ ಇನ್ನೂ ಹೆಚ್ಚು. ಆದ್ದರಿಂದ ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ. ಸೆನ್ನ, ಸನಾಯ್, ಸೋನಾಮುಖಿ ಎಲ್ಲ ಒಂದೇ. ಮೈ ಇಳಿಸುವುದೆಂದು ಮಾರುವ ಚಹಾ ಪೊಟ್ಟಣಗಳಲ್ಲೂ ಇದೇ ಎಲೆ ಇರುತ್ತದೆ. ಮೈ ಇಳಿಸಲೆಂದು ಇದನ್ನು ಕುಡಿಯುವ ಹುಡುಗಿಯರಿಗೊಂದು ಮಾತು: ಔಷಧಿ ದೊಡ್ಡ ಕರುಳನ್ನು ಮುಟ್ಟುವ ಹೊತ್ತಿಗೆ ತಿಂದ ಅನ್ನದ ಶಕ್ತಿಯೆಲ್ಲ ರಕ್ತ ಸೇರಿಯಾಗಿರುತ್ತದೆ. ತಕ್ಕಡಿಯಲ್ಲಿ ಇಳಿಯುವುದು ನೀರಿನ ತೂಕ, ಕೊಬ್ಬಿನದಲ್ಲ.

ಹಾಗೆಂದು ಈ ಮಾತ್ರೆಗಳನ್ನು ವಿಷವೆಂದು ಎಸೆಯಬೇಕಾಗಿಲ್ಲ. ನಾಲ್ಕು ದಿನ ತೆಗೆದುಕೊಂಡರೆ ಕರುಳು ಸೋಮಾರಿಯಾಗಿ ಶಾಶ್ವತವಾಗಿ ಕೆಟ್ಟುಹೋಗುತ್ತದೆ ಎಂಬ ಹಳೆಯ ಭಯಕ್ಕೆ ಇವತ್ತು ಗಟ್ಟಿ ಆಧಾರವಿಲ್ಲ. ಸೋನಾಮುಖಿ ಬಹಳ ಕಾಲ ತೆಗೆದುಕೊಂಡರೆ ಕರುಳಿನ ಒಳಪದರ ಕಪ್ಪಾಗುವುದುಂಟು. ಅದು ನಿರಪಾಯಕರ, ಬಿಟ್ಟರೆ ತಿಳಿಯಾಗುತ್ತದೆ. 2023ರಲ್ಲಿ ಅಮೆರಿಕದ ಎರಡು ಕರುಳು ತಜ್ಞರ ಸಂಘಗಳು ಸೇರಿ ಹೊರಡಿಸಿದ ಮಾರ್ಗಸೂಚಿಯೂ ಬಿಸಕೊಡಿಲನ್ನು ನಾಲ್ಕು ವಾರದೊಳಗಿನ ಅಲ್ಪಾವಧಿಗೆ, ಇಲ್ಲವೇ ಬೇರೆಯದು ಸಾಲದಾದಾಗ ಆಗೊಮ್ಮೆ ಈಗೊಮ್ಮೆ, ಧಾರಾಳವಾಗಿ ಒಪ್ಪುತ್ತದೆ. ನೋವಿನ ಬಲವಾದ ಮಾತ್ರೆ ತೆಗೆದುಕೊಳ್ಳುವ ರೋಗಿಗಳಿಗೆ ವೈದ್ಯರೇ ಸೋನಾಮುಖಿಯನ್ನು ಬರೆದುಕೊಡುತ್ತಾರೆ. ಡಬ್ಬಿಯ ಮೇಲಿನ ನಿಯಮ ಮಾತ್ರ ನೆನಪಿರಲಿ: ವೈದ್ಯರನ್ನು ಕೇಳದೆ ಒಂದು ವಾರಕ್ಕಿಂತ ಹೆಚ್ಚು ಬೇಡ. ಕಡಿಮೆ ಪ್ರಮಾಣದಿಂದ ಮೊದಲು ಮಾಡಿ. ಹೊಟ್ಟೆ ನೋವು, ವಾಂತಿ, ಹೊಟ್ಟೆ ಉಬ್ಬರ ಇದ್ದಾಗ ಮುಟ್ಟಲೇಬೇಡಿ. ಒಳಗೆ ಕರುಳು ಕಟ್ಟಿದ್ದರೆ ಅಥವಾ ಅಪೆಂಡಿಕ್ಸ್ ಊದಿದ್ದರೆ ಪ್ರಾಣಕ್ಕೇ ಬರುತ್ತದೆ. ಮಕ್ಕಳಿಗೆ ವೈದ್ಯರನ್ನು ಕೇಳದೆ ಬೇಡ. ಡೈಪರ್ ಕಟ್ಟಿದ ಮಗುವಿಗೆ ಸೋನಾಮುಖಿಯಿಂದ ಭೇದಿಯಾಗಿ ಅದು ಮೈಗೆ ಅಂಟಿಕೊಂಡಿದ್ದರೆ ಚರ್ಮ ಸುಟ್ಟಂತೆ ಬೊಬ್ಬೆ ಏಳುವುದುಂಟು. ಇದರ ಚಾಕೊಲೇಟ್ ರೂಪವೂ ಸಿಗುತ್ತದೆ; ಮೊಮ್ಮಕ್ಕಳ ಕೈಗೆ ಎಟುಕದಂತೆ ಇಡಿ.

ಇನ್ನು ಹೇಳಬೇಕಾದದ್ದನ್ನು ಒಬ್ಬ ಹೆಂಗಸಿನ ಅನುಮತಿ ಪಡೆದು ಬರೆಯುತ್ತಿದ್ದೇನೆ. ನಮ್ಮ ಪರಿಚಯದ ಹಿರಿಯರೊಬ್ಬರು ಹಲವು ತಿಂಗಳು ರಾತ್ರಿ ರಾತ್ರಿ ಈ ಮಾತ್ರೆಯನ್ನು ನುಂಗುತ್ತಿದ್ದರು. ನಡುನಡುವೆ ರಕ್ತ ಕಾಣುತ್ತಿತ್ತು. ಮೂಲವ್ಯಾಧಿ ಎಂದು ತಾವೇ ತೀರ್ಮಾನಿಸಿದರು. ಪ್ಯಾಂಟು ಸಡಿಲವಾದಾಗ ನಡಿಗೆಯ ಫಲವೆಂದುಕೊಂಡರು. ಮಾತ್ರೆ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದ್ದುದರಿಂದ ವೈದ್ಯರ ಬಳಿಗೆ ಹೋಗಬೇಕೆಂದು ಅನ್ನಿಸಲೂ ಇಲ್ಲ. ದೊಡ್ಡ ಕರುಳಿನ ಗೆಡ್ಡೆ ಪತ್ತೆಯಾದಾಗ ಅದು ಯಕೃತ್ತಿಗೆ ಹಬ್ಬಿತ್ತು. ಅವರು ತೀರಿಕೊಂಡ ಮೇಲೆ ಅವರ ಹೆಂಡತಿ ನನಗೆ ಅಂದದ್ದು ಒಂದೇ ಮಾತು: “ನಲವತ್ತು ವರ್ಷ ಒಂದೇ ಮನೆಯಲ್ಲಿದ್ದೆವು. ನನಗೂ ಹೇಳಲಿಲ್ಲ ನೋಡು.” ಮಾತ್ರೆ ಆ ಗೆಡ್ಡೆಯನ್ನು ತರಲಿಲ್ಲ, ಅದರ ಗುಟ್ಟನ್ನು ಕಾಯಿತು, ಅಷ್ಟೆ. ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ರಕ್ತಹೀನತೆ, ಎರಡು ವಾರ ಕಳೆದರೂ ಮೊದಲಿನಂತಾಗದ ಮಲದ ರೀತಿ, ಇವುಗಳಿಗೆ ಔಷಧದಂಗಡಿಯಲ್ಲಿ ಮದ್ದಿಲ್ಲ. ವೈದ್ಯರ ಬಳಿ ಹೋಗಬೇಕು. ಊರಿನಿಂದ ಬಂದವರು “ಇಲ್ಲಿನ ವಿಮೆಗೆ ತೊಂದರೆ, ವಾಪಸು ಹೋದ ಮೇಲೆ ನೋಡಿಸಿಕೊಳ್ಳುತ್ತೇನೆ” ಎಂದರೂ ಕೇಳಬೇಡಿ.

ಲಕ್ಷಣ ಕಾಣುವವರೆಗೂ ಕಾಯದಿರುವುದು ಇನ್ನೂ ಮೇಲು. 2021ರಿಂದ ಇಲ್ಲಿನ ಸಲಹೆಯೆಂದರೆ 45 ವರ್ಷವಾದ ಎಲ್ಲರೂ ಕರುಳಿನ ಕ್ಯಾನ್ಸರಿನ ತಪಾಸಣೆ ಮಾಡಿಸಿಕೊಳ್ಳಬೇಕು. ಮನೆಯಲ್ಲೇ ಮಾಡುವ ಮಲಪರೀಕ್ಷೆಯೂ ಇದೆ, ಕೊಲೊನಾಸ್ಕೊಪಿಯೂ ಇದೆ. ಕೊಲೊನಾಸ್ಕೊಪಿಗಿಂತ ಅದರ ಹಿಂದಿನ ರಾತ್ರಿಯೇ ದೊಡ್ಡದು. ಹೊಟ್ಟೆ ಖಾಲಿ ಮಾಡಲು ಕೆಲವು ವೈದ್ಯರು ಹಿಂದಿನ ದಿನ ಬಿಸಕೊಡಿಲ್ ಮಾತ್ರೆಗಳನ್ನು ಕೊಟ್ಟು, ಮೇಲೆ ಎರಡರಿಂದ ನಾಲ್ಕು ಲೀಟರ್ ಪಾಲಿಎಥಿಲೀನ್ ಗ್ಲೈಕಾಲ್ ದ್ರಾವಣ ಕುಡಿಸುತ್ತಾರೆ. ಇಲ್ಲಿ ಮಾತ್ರ ಡಬ್ಬಿಯ ಮೇಲಿನ ಲೆಕ್ಕ ಬೇಡ, ವೈದ್ಯರು ಕೊಟ್ಟ ಹಾಳೆಯೇ ವೇದ. ಈಗ ದ್ರಾವಣವನ್ನು ಎರಡು ಭಾಗ ಮಾಡುತ್ತಾರೆ, ಅರ್ಧ ಹಿಂದಿನ ಸಂಜೆ, ಅರ್ಧ ಪರೀಕ್ಷೆಗೆ ನಾಲ್ಕಾರು ಗಂಟೆ ಮೊದಲು. ನಡುರಾತ್ರಿ ಎದ್ದು ಕುಡಿಯಬೇಕಾಗಿ ಬಂದರೂ ಎರಡನೆಯ ಭಾಗವನ್ನು ಬಿಡಬೇಡಿ. ಕರುಳು ಶುಭ್ರವಾಗುವುದು ಅದರಿಂದಲೇ. ಹಿಂದೆ ಬಳಸುತ್ತಿದ್ದ ಸೋಡಿಯಂ ಫಾಸ್ಫೇಟ್ ಕೆಲವರ ಮೂತ್ರಪಿಂಡಕ್ಕೆ ಪೆಟ್ಟು ಕೊಟ್ಟಿದ್ದರಿಂದ 2008ರಲ್ಲಿ ಸರ್ಕಾರ ಅದರ ಬಗ್ಗೆ ಕಟ್ಟೆಚ್ಚರಿಕೆ ಕೊಟ್ಟಿತು. ಆದ್ದರಿಂದ ಹಳೆಯ ಔಷಧಿ ಮನೆಯಲ್ಲಿದೆಯೆಂದು ಅದನ್ನೇ ಬಳಸಬೇಡಿ. ಸಕ್ಕರೆ ಕಾಯಿಲೆಯ ಔಷಧಿ, ರಕ್ತ ತೆಳುವಾಗಿಸುವ ಮಾತ್ರೆ, ಕಬ್ಬಿಣದ ಮಾತ್ರೆ ಇವುಗಳ ವಿಷಯ ಮೊದಲೇ ಕೇಳಿಕೊಳ್ಳಿ. ಮೂತ್ರಪಿಂಡದ ಅಥವಾ ಹೃದಯದ ತೊಂದರೆ ಇದ್ದರೆ ಅದನ್ನೂ ಹೇಳಿ.

ಆ ಹಾಳೆಯನ್ನು ಬರೆದವರಿಗೆ ನಮ್ಮ ಅಡುಗೆಮನೆ ಗೊತ್ತಿಲ್ಲ. ‘ಬೀಜಗಳು ಬೇಡ’ ಎಂದಿದ್ದರೆ ಒಗ್ಗರಣೆಯ ಸಾಸಿವೆ ಜೀರಿಗೆ, ಚಟ್ನಿಪುಡಿಯ ಎಳ್ಳು, ಹುಳಿಯ ನುಗ್ಗೆಕಾಯಿ ಎಲ್ಲವೂ ಅದರಲ್ಲಿ ಸೇರಿದವು. ಹಿಂದಿನ ದಿನ ತಿಳಿಯಾದ ದ್ರವ ಮಾತ್ರ. ಹಾಲಿಲ್ಲದ ಕಾಫಿ ಆಗುತ್ತದೆ, ಸೋಸಿದ ನಿಂಬೆ ಪಾನಕ ಆಗುತ್ತದೆ; ಕೆಂಪು ಬಣ್ಣದ್ದು ಯಾವುದೂ ಬೇಡ, ಒಳಗೆ ರಕ್ತದಂತೆ ಕಾಣುತ್ತದೆ. ನಮ್ಮ ಯಜಮಾನರ ಸರದಿ ಬಂದಾಗ ಸಂಜೆ ಹೊತ್ತಿಗೆ ಅಡುಗೆಮನೆಗೆ ಬಂದು, “ಮಜ್ಜಿಗೆಯೂ ನೀರೇ ಅಲ್ಲವೇನೇ?” ಎಂದರು.

“ನೀರೇ ಕಣ್ರೀ. ಲೋಟದ ಆ ಕಡೆ ಹಿಡಿದ ಅಕ್ಷರ ಈ ಕಡೆಯಿಂದ ಓದಲು ಬಂದರೆ ಕುಡಿಯಿರಿ” ಎಂದೆ. ನಮ್ಮ ಈ ಪತ್ರಿಕೆಯನ್ನೇ ಲೋಟದ ಹಿಂದೆ ಹಿಡಿದು ನೋಡಿದರು. ಇದರ ಅಕ್ಷರಗಳು ಮಜ್ಜಿಗೆಯಿಲ್ಲದೆಯೇ ಅಷ್ಟಕ್ಕಷ್ಟೆ. ಗೊಣಗುತ್ತಾ ಬರಿಯ ಕಾಫಿ ಕುಡಿದರು. ಬೆಳಿಗ್ಗೆ ಹೊರಗೆ ಬಂದದ್ದು ತಿಳಿ ಪಾನಕದ ಬಣ್ಣಕ್ಕೆ ಬಂದಿತ್ತು, ಆಗಬೇಕಾದದ್ದೂ ಅದೇ. ಒಳಗೆ ಎರಡು ಸಣ್ಣ ಪಾಲಿಪ್ ಸಿಕ್ಕವು. ಆಗಲೇ ತೆಗೆದರು. ಪಾಲಿಪ್ ಬೆಳೆದು ಕ್ಯಾನ್ಸರ್ ಆಗಲು ವರ್ಷಗಳೇ ಹಿಡಿಯುತ್ತವೆ. ಅಷ್ಟರೊಳಗೆ ಕಂಡರೆ ಕಿತ್ತುಹಾಕಬಹುದು. ಕರುಳು ಕೊಳೆಯಾಗಿದ್ದರೆ ಕಾಣುವುದಿಲ್ಲ. ಎಲ್ಲವನ್ನೂ ಮತ್ತೆ ಮೊದಲಿಂದ ಮಾಡಬೇಕಾಗುತ್ತದೆ, ಮತ್ತೆ ಒಂದು ರಾತ್ರಿ ಮಜ್ಜಿಗೆಯಿಲ್ಲ.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ಈ ವಿಷಯದಲ್ಲಿ ಊಟದಷ್ಟೇ ಮಾತೂ ರೋಗವನ್ನು ದೂರವಿಡುತ್ತದೆ. ಈ ವಾರ ನಿಮ್ಮ ಮನೆಯ ಹಿರಿಯರನ್ನು “ಊಟ ಆಯಿತೇ, ನಿದ್ದೆ ಬಂತೇ” ಎಂದು ಕೇಳುವಾಗ ಮೂರನೆಯ ಪ್ರಶ್ನೆಯನ್ನೂ ಸೇರಿಸಿಕೊಳ್ಳಿ. ಅವರ ಡಬ್ಬಿಗಳನ್ನು ಒಂದು ಚೀಲದಲ್ಲಿ ಹಾಕಿ ವೈದ್ಯರಿಗೋ ಫಾರ್ಮಸಿಸ್ಟರಿಗೋ ತೋರಿಸಿ. 45 ದಾಟಿದವರು ತಪಾಸಣೆಯ ದಿನ ಗೊತ್ತುಮಾಡಿಕೊಳ್ಳಿ. ಭಾನುವಾರ ಸಂಜೆ ನನಗೆ ಫೋನು ಮಾಡುವವರಲ್ಲಿ ಒಂದೇ ಬೇಡಿಕೆ: ಹಿಮದ ವಿಷಯ ಆಮೇಲೆ ಮಾತಾಡೋಣ, ಹೊಟ್ಟೆಯ ವಿಷಯ ಮೊದಲು ಹೇಳಿ.