ಆಟ ನಿಲ್ಲಿಸಿದವನಿಗೆ ಮೈದಾನದಲ್ಲಿ ಜಾಗವಿದೆಯೇ?

ನಮ್ಮ ಸಿದ್ದಾಪುರದಲ್ಲಿ ಆಟಗಾರನಿಗೆ ಬಹಳ ಬೇಗ ವಯಸ್ಸಾಗುತ್ತದೆ. ಹದಿನೇಳಕ್ಕೆ ಊರವರ ಬಾಯಲ್ಲಿ ಹೆಸರಾಗಿದ್ದ ಹುಡುಗ ಇಪ್ಪತ್ತೇಳಕ್ಕೆ 'ಒಂದು ಕಾಲದಲ್ಲಿ ಚೆನ್ನಾಗಿ ಆಡುತ್ತಿದ್ದ' ಎಂಬ ಮಾತಿಗೆ ಇಳಿದುಬಿಡುತ್ತಾನೆ. ಮಂಡಿನೋವು, ಮನೆಯ ಜವಾಬ್ದಾರಿ, ತೋಟದ ಕೆಲಸ, ಗಲ್ಫಿನ ವೀಸಾ, ಇವುಗಳಲ್ಲಿ ಯಾವುದಾದರೊಂದು ಅವನನ್ನು ಮೈದಾನದಿಂದ ಹೊರಗೆ ಕರೆದೊಯ್ಯುತ್ತದೆ. ಆತನ ಜಾಗಕ್ಕೆ ಇನ್ನೊಬ್ಬ ಹುಡುಗ ಬರುತ್ತಾನೆ. ಆದರೆ ಅಷ್ಟು ವರ್ಷ ಆಡಿ ಕಲಿತ ವಿದ್ಯೆ ಎಲ್ಲಿ ಹೋಯಿತು ಎಂದು ಕೇಳುವವರಿಲ್ಲ. ಈ ಪ್ರಶ್ನೆ ನಮ್ಮನ್ನು ಬಹಳ ದಿನಗಳಿಂದ ಕಾಡುತ್ತಿದೆ.

ನಾವೆಂದರೆ ಕಾವೇರಿಯ ಈ ದಡದ ಸಿದ್ದಾಪುರ, ಆ ದಡದ ನೆಲ್ಯಹುದಿಕೇರಿ, ಸುತ್ತಲಿನ ಕರಡಿಗೋಡು, ಗುಹ್ಯ, ಪಾಲಿಬೆಟ್ಟ, ಮಾಲ್ದಾರೆ ಕಡೆಯ ಒಂದಿಷ್ಟು ಗೆಳೆಯರು. ಕೆಲವರು ಅಂಗಡಿ ಇಟ್ಟವರು, ಕೆಲವರು ಜೀಪು, ಆಟೋ ಓಡಿಸುವವರು, ಕೆಲವರು ತೋಟದ ಲೈನ್‌ಮನೆಗಳಲ್ಲಿ ಹುಟ್ಟಿ ಬೆಳೆದವರು. ಮನೆಯಲ್ಲಿ ಒಬ್ಬರದು ಮಲಯಾಳ, ಒಬ್ಬರದು ತಮಿಳು, ಒಬ್ಬರದು ತುಳು, ಒಬ್ಬರದು ಕೊಡವ ತಕ್ಕ್. ಮೈದಾನಕ್ಕಿಳಿದರೆ ಎಲ್ಲರದೂ ಒಂದೇ ಭಾಷೆ. ಗಡಿಯಾಚೆಯ ವಯನಾಡು, ಕಣ್ಣೂರುಗಳ ಸೆವೆನ್ಸ್ ಫುಟ್‌ಬಾಲಿನ ಹುಚ್ಚು ನಮಗೂ ಹತ್ತಿದೆ. ಕಾಫಿ ಕೊಯ್ಲು ಮುಗಿದು, ಹೂಮಳೆ ಬಿದ್ದು, ಮುಂಗಾರು ಹಿಡಿಯುವುದರೊಳಗೆ ಸಿಗುವ ಬಿಡುವಿನಲ್ಲಿ ನಮ್ಮ ಪಂದ್ಯಾವಳಿ ನಡೆಯುತ್ತದೆ.

ನೋಡುವವರ ಕಣ್ಣಿಗೆ ಬೀಳುವುದು ಹದಿನಾಲ್ಕು ಆಟಗಾರರು ಮತ್ತು ಒಂದು ಚೆಂಡು. ಅದರ ಹಿಂದಿನ ಒಂದು ತಿಂಗಳ ದುಡಿಮೆ ಯಾರಿಗೂ ಕಾಣುವುದಿಲ್ಲ. ಪಂಚಾಯಿತಿಗೆ ಅರ್ಜಿ ಕೊಡಬೇಕು, ಠಾಣೆಯಿಂದ ಮೈಕಿಗೆ ಅನುಮತಿ ಪಡೆಯಬೇಕು, ವಿದ್ಯುತ್ತಿಗೆ ತಾತ್ಕಾಲಿಕ ಸಂಪರ್ಕ ಬೇಕು. ಹದಿನಾರು ತಂಡಗಳಿದ್ದರೆ ಹದಿನೈದು ಪಂದ್ಯಗಳು. ದೂರದಿಂದ ಬರುವ ತಂಡವನ್ನು ಬೆಳಗಿನ ಮೊದಲ ಪಂದ್ಯಕ್ಕೆ ಹಾಕಬಾರದು. ಒಂದೇ ತೋಟದ ಎರಡು ತಂಡಗಳು ಮೊದಲ ಸುತ್ತಿನಲ್ಲೇ ಎದುರಾಗದಂತೆ ನೋಡಿಕೊಳ್ಳಬೇಕು. ಯಾರ ಮಾವನೂ ಅಲ್ಲದ, ಯಾರ ಭಾವನೂ ಅಲ್ಲದ ರೆಫರಿಯನ್ನು ಹುಡುಕಬೇಕು. ಸುಣ್ಣದ ಗೆರೆ, ಕುಡಿಯುವ ನೀರು, ಗಾಯವಾದರೆ ಮುಲಾಮು, ಮೂಳೆ ಮುರಿದರೆ ಆಸ್ಪತ್ರೆಗೆ ಹೋಗಲು ತಯಾರಾಗಿ ನಿಂತ ಒಂದು ಜೀಪು. ಇಷ್ಟೆಲ್ಲ ಆದ ಮೇಲೆ ನಮ್ಮ ಊರಿಗೇ ವಿಶೇಷವಾದ ಇನ್ನೊಂದು ಚಿಂತೆ ಇದೆ, ಅದು ಆನೆಯದು. ಕತ್ತಲಾದ ಮೇಲೆ ತೋಟದ ದಾರಿಗೆ ಕಾಡಾನೆ ಇಳಿಯುತ್ತದೆ. ಆದ್ದರಿಂದ ಕೊನೆಯ ಪಂದ್ಯ ಎಷ್ಟು ಗಂಟೆಗೆ ಮುಗಿಯಬೇಕು, ಲೈನ್‌ಮನೆಯ ಹುಡುಗರನ್ನು ಯಾವ ಜೀಪಿನಲ್ಲಿ ಒಟ್ಟಾಗಿ ಕಳಿಸಬೇಕು ಎಂಬುದನ್ನು ಬಹುಮಾನದ ಹಣಕ್ಕಿಂತ ಮೊದಲು ನಿರ್ಧರಿಸುತ್ತೇವೆ.

ಈ ಕೆಲಸ ಯಾರಿಗೆ ಚೆನ್ನಾಗಿ ಬರುತ್ತದೆ ಎಂದು ಗಮನಿಸಿದ್ದೇವೆ. ಆಡಿ ಬಿಟ್ಟವರಿಗೇ ಬರುತ್ತದೆ. ಎರಡು ಪಂದ್ಯಗಳ ನಡುವೆ ಕಾಲಿಗೆ ಎಷ್ಟು ವಿಶ್ರಾಂತಿ ಬೇಕು, ಯಾವ ಮಾತಿಗೆ ಜಗಳ ಹತ್ತಿಕೊಳ್ಳುತ್ತದೆ, ಸೋತ ತಂಡದ ಮುಂದೆ ಯಾರು ಹೋಗಿ ನಿಲ್ಲಬೇಕು, ಇದೆಲ್ಲ ಪುಸ್ತಕ ಓದಿ ಬರುವ ತಿಳಿವಳಿಕೆಯಲ್ಲ. ಹೊರಗಿನ ಜಗತ್ತು ಇದಕ್ಕೆ ಕ್ರೀಡಾ ನಿರ್ವಹಣೆ ಎಂದು ಹೆಸರಿಟ್ಟು ಸಂಬಳ ಕೊಡುತ್ತದೆ. ನಾವು 'ಹುಡುಗರ ಓಡಾಟ' ಎಂದು ಕರೆದು ಚಹಾ ಕೊಟ್ಟು ಕಳಿಸುತ್ತೇವೆ.

ಇದು ಕಲಿಸಬಹುದಾದ ವಿದ್ಯೆ ಎಂಬ ಅರಿವು ಜಗತ್ತಿಗೂ ಬಹಳ ಹಿಂದಿನದಲ್ಲ. 1957ರಲ್ಲಿ ಅಮೆರಿಕದ ಬೇಸ್‌ಬಾಲ್ ತಂಡವೊಂದರ ಮಾಲೀಕ ವಾಲ್ಟರ್ ಓಮ್ಯಾಲಿ, ಕ್ರೀಡಾ ಸಂಸ್ಥೆಗಳನ್ನು ನಡೆಸಬಲ್ಲವರನ್ನು ತಯಾರು ಮಾಡುವ ಶಿಕ್ಷಣ ಏಕಿಲ್ಲ ಎಂದು ಜೇಮ್ಸ್ ಮೇಸನ್ ಎಂಬ ಪ್ರಾಧ್ಯಾಪಕರಿಗೆ ಬರೆದರು. ಆ ಪತ್ರ ಬಿತ್ತಿದ ಬೀಜ 1966ರಲ್ಲಿ ಓಹಿಯೋ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿಯಾಗಿ ಮೊಳೆಯಿತು. ಅದೇ ದೇಶದ ಓಜಿ ನ್ಯೂಸಮ್ ಅವರ ಬದುಕನ್ನು ಇಲ್ಲಿ ನೆನೆಯಬೇಕು. ಅವರು ಆಡಿದ್ದು ಅಮೆರಿಕನ್ ಫುಟ್‌ಬಾಲ್, ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಓಡುವ ಆಟ. 1978ರಿಂದ 1990ರವರೆಗೆ ಕ್ಲೀವ್‌ಲ್ಯಾಂಡ್ ತಂಡಕ್ಕೆ ಆಡಿದರು. ಆಟ ಮುಗಿದ ಮೇಲೆ ಮನೆಗೆ ಹೋಗಲಿಲ್ಲ. ಹೊಸ ಹುಡುಗರ ಆಟ ನೋಡಿ ವರದಿ ಬರೆಯುವ ಕೆಳಗಿನ ಮೆಟ್ಟಿಲಿನಿಂದಲೇ ಆಡಳಿತ ಕಲಿತು, 2002ರಲ್ಲಿ ಬಾಲ್ಟಿಮೋರ್ ತಂಡದ ಜನರಲ್ ಮ್ಯಾನೇಜರ್ ಆದರು. ಆ ದೇಶದ ರಾಷ್ಟ್ರೀಯ ಫುಟ್‌ಬಾಲ್ ಲೀಗಿನಲ್ಲಿ ಆ ಹುದ್ದೆಗೇರಿದ ಮೊದಲ ಕರಿಯ ವ್ಯಕ್ತಿ ಅವರು. ಆ ಹೊತ್ತಿಗೆ ಲೀಗಿನ ಆಟಗಾರರಲ್ಲಿ ಹೆಚ್ಚಿನವರು ಕರಿಯರೇ ಆಗಿದ್ದರು. ಬೆವರು ಹರಿಸುವ ಕಡೆ ತುಂಬಿದ್ದವರಿಗೆ ತೀರ್ಮಾನ ಮಾಡುವ ಕೋಣೆಯ ಬಾಗಿಲು ತೆರೆಯಲು ಅಷ್ಟು ಕಾಲ ಹಿಡಿಯಿತು. ಈ ಮಾತು ಅಮೆರಿಕಕ್ಕೆ ಮಾತ್ರ ಅನ್ವಯಿಸುತ್ತದೆಯೇ?

ಅಷ್ಟು ದೂರ ಹೋಗಬೇಕಾಗಿಲ್ಲ, ನಮ್ಮ ಜಿಲ್ಲೆಯಲ್ಲೇ ದೊಡ್ಡ ಉದಾಹರಣೆ ಇದೆ. 1946ರಲ್ಲಿ ಕೊಡಗಿನಲ್ಲಿ ಹುಟ್ಟಿದ ಮೊಳ್ಳೇರ ಪೂವಯ್ಯ ಗಣೇಶ್ ಅವರನ್ನು ಜಗತ್ತು ಹಾಕಿ ಆಟಗಾರರೆಂದು ಬಲ್ಲದು. ಆದರೆ ಹದಿಹರೆಯದಲ್ಲಿ ಅವರು ಕೊಡಗು ಜಿಲ್ಲೆಗೆ ಆಡಿದ್ದು ಫುಟ್‌ಬಾಲ್. ಮುಂದೆ ಸರ್ವಿಸಸ್ ತಂಡದಲ್ಲಿ ಹಾಕಿ ಆಡುತ್ತ ದೇಶದ ತಂಡಕ್ಕೆ ಬಂದರು. 1971ರ ಮೊದಲ ವಿಶ್ವಕಪ್ಪಿನಲ್ಲಿ ಕಂಚು, 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚು ಪಡೆದ ತಂಡಗಳಲ್ಲಿ ಅವರಿದ್ದರು. 1973ರಲ್ಲಿ ಹಾಲೆಂಡಿನ ಆಮ್‌ಸ್ಟಲ್ವೀನ್‌ನಲ್ಲಿ ನಡೆದ ವಿಶ್ವಕಪ್ಪಿಗೆ ಅವರೇ ನಾಯಕರು. ಅಂತಿಮ ಪಂದ್ಯ 2-2ರಲ್ಲಿ ಸಮವಾಗಿ, ಪೆನಾಲ್ಟಿ ಸ್ಟ್ರೋಕುಗಳಲ್ಲಿ ಭಾರತ ಸೋತು ಬೆಳ್ಳಿಗೆ ತೃಪ್ತಿಪಡಬೇಕಾಯಿತು.

ಇದಾದ ಮೇಲಿನ ಅಧ್ಯಾಯವೇ ನಮಗೆ ಮುಖ್ಯ. ಗಣೇಶ್ ಅವರು ಹಳೆಯ ಪದಕಗಳನ್ನು ಒರೆಸುತ್ತ ಕುಳಿತುಕೊಳ್ಳಲಿಲ್ಲ. ಭಾರತ ತಂಡದ ತರಬೇತುದಾರರಾದರು. ಆಮೇಲೆ ಭಾರತೀಯ ಕ್ರೀಡಾ ಪ್ರಾಧಿಕಾರದ ಆಡಳಿತದಲ್ಲಿ ಕಾರ್ಯನಿರ್ವಾಹಕ ನಿರ್ದೇಶಕರ ಹುದ್ದೆಯವರೆಗೆ ಏರಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ಪತ್ರಿಕೆಗಳು ನೆನಪಿಸಿಕೊಂಡದ್ದು ಹೆಚ್ಚಾಗಿ ನಾಯಕನನ್ನು. ಹಾಸ್ಟೆಲಿನ ಊಟ, ತರಬೇತುದಾರರ ನೇಮಕ, ಮೈದಾನದ ದುರಸ್ತಿ ಇಂಥ ಕೆಲಸಗಳಲ್ಲಿ ಕೈಚಪ್ಪಾಳೆ ಇರುವುದಿಲ್ಲ. ಆದರೆ ಒಬ್ಬ ನಾಯಕ ಗೋಲು ಹೊಡೆಸಿದರೆ ಒಂದು ಪಂದ್ಯ ಗೆಲ್ಲಬಹುದು. ಆಟ ಬಲ್ಲ ಆಡಳಿತಗಾರ ಕಡತಕ್ಕೆ ಸರಿಯಾದ ಸಹಿ ಹಾಕಿದರೆ ಒಂದು ತಲೆಮಾರಿನ ಮಕ್ಕಳಿಗೆ ಮೈದಾನ ಸಿಗುತ್ತದೆ.

ಹುದ್ದೆಯಿಲ್ಲದೆಯೂ ಇದು ಸಾಧ್ಯ ಎಂದು ತೋರಿಸಿದವರು ಪಾಂಡಂಡ ಕುಟ್ಟಪ್ಪ. ಬ್ಯಾಂಕಿನ ನೌಕರಿಯಿಂದ ನಿವೃತ್ತರಾದ ಈ ಹಾಕಿಪ್ರೇಮಿ 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಹಬ್ಬ ಆರಂಭಿಸಿದಾಗ ಬಂದದ್ದು 60 ತಂಡಗಳು. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಕುಟುಂಬ ನಡೆಸಿದ ಹಬ್ಬಕ್ಕೆ 360 ತಂಡಗಳು ಬಂದು ಅದು ಗಿನ್ನೆಸ್ ದಾಖಲೆಗೆ ಸೇರಿತು. ಸೋತವರು ಹೊರಗೆ ಎಂಬ ಲೆಕ್ಕದಲ್ಲೇ 360 ತಂಡಗಳಿಗೆ 359 ಪಂದ್ಯಗಳಾಗುತ್ತವೆ. ಹದಿನೈದು ಪಂದ್ಯಕ್ಕೇ ಉಸಿರುಗಟ್ಟುವ ನಮಗೆ ಅದರ ಭಾರ ಗೊತ್ತು. ಕುಟ್ಟಪ್ಪನವರ ಜಾಣ್ಮೆ ಇದ್ದದ್ದು ಪ್ರತಿ ವರ್ಷ ಬೇರೆ ಬೇರೆ ಕುಟುಂಬ ಹೊಣೆ ಹೊರುವ ಕ್ರಮದಲ್ಲಿ. ಹೀಗಾಗಿ ಹಬ್ಬ ಒಬ್ಬರ ಸೊತ್ತಾಗಲಿಲ್ಲ. ಪಂದ್ಯಾವಳಿ ನಡೆಸುವ ವಿದ್ಯೆ ಮನೆಯಿಂದ ಮನೆಗೆ ಹರಡಿತು. ಹೆಂಗಸರು, ಹುಡುಗರು, ಅಜ್ಜಂದಿರು ಒಂದೇ ತಂಡದಲ್ಲಿ ಆಡಿದರು. 2020ರಲ್ಲಿ ಅವರು ತೀರಿಕೊಂಡರು, ಹಬ್ಬ ನಿಲ್ಲಲಿಲ್ಲ. ಕಟ್ಟಿದವನು ಹೋದ ಮೇಲೂ ನಡೆಯುವುದೇ ಒಳ್ಳೆಯ ವ್ಯವಸ್ಥೆ.

ನಮ್ಮ ನಾಡಿನ ಫುಟ್‌ಬಾಲಿನಲ್ಲೂ ಇಂಥ ಹಿರಿಯರೊಬ್ಬರಿದ್ದರು. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಶಾಲಾ ಮೇಷ್ಟ್ರು. 1943ರಿಂದ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದರು. ಅವರ ತರಬೇತಿಯ ಭಾರತ ತಂಡ 1951 ಮತ್ತು 1962ರ ಏಷ್ಯನ್ ಕ್ರೀಡಾಕೂಟಗಳಲ್ಲಿ ಚಿನ್ನ ಗೆದ್ದಿತು. ಚಿನ್ನದ ಕಥೆ ಎಲ್ಲರಿಗೂ ಗೊತ್ತು, 2024ರಲ್ಲಿ ಸಿನಿಮಾವೂ ಬಂತು. ಆದರೆ ಒಬ್ಬನೇ ಮನುಷ್ಯ ಸಂಸ್ಥೆಯ ಕಾಗದಪತ್ರವನ್ನೂ ಆಟಗಾರನ ಕಾಲಿನ ಚಲನೆಯನ್ನೂ ಬಲ್ಲವನಾಗಿದ್ದ ಎಂಬುದನ್ನು ನಾವು ಗಮನಿಸುವುದಿಲ್ಲ.

ನಮ್ಮ ಕೂಟದ ಒಬ್ಬ ಗೆಳೆಯನ ವಿಷಯ ಹೇಳಲೇಬೇಕು. ಎಡಗಾಲಿನ ಆಟಗಾರ, ಮಂಡಿಯ ಗಾಯದಿಂದ ಆಟ ಬಿಟ್ಟ. ಆಮೇಲೆ ನಾಲ್ಕೈದು ವರ್ಷ ನಮ್ಮ ಪಂದ್ಯಾವಳಿಯ ಪಟ್ಟಿ, ಹಣಕಾಸು, ಜಗಳ ಬಿಡಿಸುವುದು ಎಲ್ಲವೂ ಅವನ ಕೈಯಲ್ಲೇ ಇತ್ತು. ಒಂದು ಸಂಸ್ಥೆಯಲ್ಲಿ ಕ್ರೀಡಾ ಸಹಾಯಕನ ಕೆಲಸ ಖಾಲಿ ಇದೆಯೆಂದು ಅರ್ಜಿ ಹಾಕಿದ. 'ಅನುಭವದ ಪ್ರಮಾಣಪತ್ರ ಎಲ್ಲಿ?' ಎಂದು ಕೇಳಿದರು. ಅವನಲ್ಲಿ ಇದ್ದದ್ದು ಒಂದು ಹಳೆಯ ನೋಟುಪುಸ್ತಕ. ಕೊನೆಗೆ ಕತಾರಿಗೆ ಹೋದ. 2022ರ ವಿಶ್ವಕಪ್ಪಿನ ಹೊತ್ತಿಗೆ ದೋಹಾದ ಕ್ರೀಡಾಂಗಣವೊಂದರಲ್ಲಿ ಜನರನ್ನು ಸಾಲುಗಟ್ಟಿಸುವ ಕೆಲಸ ಸಿಕ್ಕಿತು. ಎಂಟು ಕ್ರೀಡಾಂಗಣ, 64 ಪಂದ್ಯಗಳ ಆ ಜಾತ್ರೆಯಿಂದ ಫೋನು ಮಾಡಿ ಅವನು ಹೇಳಿದ ಮಾತು ನಮ್ಮಲ್ಲಿ ಉಳಿದಿದೆ: "ಕಾಕಾ, ಇಲ್ಲಿಯೂ ನಾವು ಊರಲ್ಲಿ ಮಾಡಿದ್ದೇ. ಇವರು ಎಲ್ಲವನ್ನೂ ಬರೆದಿಟ್ಟಿದ್ದಾರೆ, ಅಷ್ಟೇ ವ್ಯತ್ಯಾಸ."

ಬರೆದಿಡದಿದ್ದರೂ ಆ ವಿದ್ಯೆ ಊರಿಗೆ ಒದಗಿದ ಸಂದರ್ಭವಿದೆ. 2019ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ಕರಡಿಗೋಡು, ನೆಲ್ಯಹುದಿಕೇರಿಯ ಹೊಳೆದಂಡೆಯ ಮನೆಗಳು ಮುಳುಗಿದಾಗ ಮೈದಾನದ ಹುಡುಗರೇ ಮೊದಲು ಒಟ್ಟು ಸೇರಿದರು. ಯಾರ ಜೀಪು ಎಲ್ಲಿಗೆ, ಯಾವ ಮನೆಯಲ್ಲಿ ಬಾಣಂತಿ ಇದ್ದಾಳೆ, ಯಾರಿಗೆ ಮಾತ್ರೆ ಬೇಕು, ಅಕ್ಕಿ ಎಷ್ಟು ಬಂತು, ಎಷ್ಟು ಹೋಯಿತು, ಎಲ್ಲಕ್ಕೂ ಪಟ್ಟಿ ತಯಾರಾಯಿತು. ತಂಡಗಳ ಪಟ್ಟಿ ಬರೆದ ಕೈಗಳೇ ಸಂತ್ರಸ್ತರ ಪಟ್ಟಿಯನ್ನೂ ಬರೆದವು. ಆಟವನ್ನು ಕಾಲಹರಣ ಎನ್ನುತ್ತಿದ್ದ ಹಿರಿಯರು ಅಂದು ಆ ಹುಡುಗರಿಗೆ ದಾರಿ ಬಿಟ್ಟುಕೊಟ್ಟರು.

ಹೊರಗೂ ಗಾಳಿ ನಿಧಾನವಾಗಿ ತಿರುಗುತ್ತಿದೆ. 2010ರಲ್ಲಿ ಅನಿಲ್ ಕುಂಬ್ಳೆ, ಜಾವಗಲ್ ಶ್ರೀನಾಥ್ ಕರ್ನಾಟಕದ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷ, ಕಾರ್ಯದರ್ಶಿಗಳಾದರು. 2022ರಲ್ಲಿ ದಿಲೀಪ್ ಟಿರ್ಕಿ ಹಾಕಿ ಇಂಡಿಯಾದ ಅಧ್ಯಕ್ಷರಾದರು. 2025ರಲ್ಲಿ ಸಂಸತ್ತು ಅಂಗೀಕರಿಸಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಕ್ರೀಡಾ ಸಂಸ್ಥೆಗಳ ಕಾರ್ಯಕಾರಿ ಸಮಿತಿಯಲ್ಲಿ ಕನಿಷ್ಠ ಇಬ್ಬರು ಸಾಧಕ ಕ್ರೀಡಾಪಟುಗಳೂ ನಾಲ್ವರು ಮಹಿಳೆಯರೂ ಇರಬೇಕು. ಕಾನೂನು ದಿಲ್ಲಿಯಿಂದ ಹಳ್ಳಿಗೆ ಇಳಿದು ಬರುವವರೆಗೆ ಕಾಯಬೇಕೇ? ಹೆಣ್ಣುಮಕ್ಕಳ ಮಾತಂತೂ ಇನ್ನೂ ಹಿಂದೆ ಉಳಿದಿದೆ. ಶಾಲೆಯಲ್ಲಿ ಥ್ರೋಬಾಲ್ ಆಡಿ ಕಪ್ಪು ತಂದ ನಮ್ಮ ತಂಗಿಯರು ಪಿಯುಸಿ ಮುಗಿಯುವಷ್ಟರಲ್ಲಿ ಮೈದಾನದ ಹಾದಿ ಮರೆಯುತ್ತಾರೆ. ಓಟಗಾರ್ತಿ ಅಶ್ವಿನಿ ನಾಚಪ್ಪ ಟ್ರ್ಯಾಕ್ ಬಿಟ್ಟ ಮೇಲೆ ನಮ್ಮ ಪಕ್ಕದ ಗೋಣಿಕೊಪ್ಪಲಿನಲ್ಲೇ ಪಾಠಕ್ಕೂ ಆಟಕ್ಕೂ ಸಮಾನ ಜಾಗವಿರುವ ಶಾಲೆ ಕಟ್ಟಿದರು. ಹೆಣ್ಣುಮಗಳೊಬ್ಬಳು ಮೈದಾನ ನಡೆಸಬಲ್ಲಳೇ ಎಂದು ಇನ್ನೂ ಅನುಮಾನಪಡುವವರು ಅಲ್ಲಿಗೆ ಒಮ್ಮೆ ಹೋಗಿ ಬರಲಿ.

ಸರ್ಕಾರ ಮಾಡಬೇಕಾದದ್ದು ಬಹಳಷ್ಟಿದೆ. ಆದರೆ ಊರಿನ ಸಂಘಗಳು ನಾಳೆಯಿಂದಲೇ ಮಾಡಬಹುದಾದದ್ದೂ ಇದೆ. ಮೊದಲನೆಯದು ಲೆಕ್ಕ. ಜಮಾಅತ್ತಿನ, ದೇವಸ್ಥಾನ ಸಮಿತಿಯ ವಾರ್ಷಿಕ ಲೆಕ್ಕವನ್ನು ಜನರ ಮುಂದೆ ಓದುವಂತೆ ಪಂದ್ಯಾವಳಿಯ ಲೆಕ್ಕವನ್ನೂ ಓದಬೇಕು. ಜನ ಕೊಟ್ಟ ಹಣ ನಮ್ಮ ಕೈಯಲ್ಲಿರುವ ಅಮಾನತ್ತು. ಎರಡನೆಯದು, ಆಟ ಬಿಡುವ ಹುಡುಗನನ್ನು ರೆಫರಿ ಪರೀಕ್ಷೆಗೋ ತರಬೇತುದಾರರ ಮೊದಲ ಹಂತದ ಲೈಸೆನ್ಸಿಗೋ ಕಳಿಸುವುದು. ಒಂದು ಟ್ರೋಫಿಯ ಎತ್ತರ ಅರ್ಧ ಅಡಿ ಕಡಿಮೆಯಾದರೆ ಆ ಶುಲ್ಕದ ಒಂದು ಭಾಗ ಹುಟ್ಟುತ್ತದೆ. ಮೂರನೆಯದು, ದುಡಿದವನಿಗೆ ಬರವಣಿಗೆಯಲ್ಲಿ ಮನ್ನಣೆ. ಎಷ್ಟು ತಂಡ, ಎಷ್ಟು ಪಂದ್ಯ, ಎಷ್ಟು ಹಣ ನಿಭಾಯಿಸಿದ ಎಂದು ಸಂಘದ ಕಾಗದದಲ್ಲಿ ಬರೆದು ಮೊಹರು ಹಾಕಿಕೊಟ್ಟರೆ ಮುಂದೆ ಯಾವ ಮೇಜಿನ ಮುಂದೆಯೂ ಅವನು ಬರಿಗೈಯಲ್ಲಿ ನಿಲ್ಲಬೇಕಾಗಿಲ್ಲ.

ಈ ಸಲದ ಸಭೆಯಲ್ಲಿ ನಾವು ಇದನ್ನು ಶುರು ಮಾಡಿದ್ದೇವೆ. ಭುಜ ಜಾರಿ ಆಟ ಬಿಟ್ಟ ನಮ್ಮ ಹಳೆಯ ಗೋಲಿಯನ್ನು ಪಂದ್ಯಾವಳಿಯ ವ್ಯವಸ್ಥಾಪಕನೆಂದು ನೇಮಿಸಿದ್ದೇವೆ. ಗೌರವಧನ ದೊಡ್ಡದೇನಲ್ಲ, ಒಂದು ತಿಂಗಳ ಪೆಟ್ರೋಲಿಗೆ ಸಾಕಾಗಬಹುದು. ನೋಟಿಸಿನಲ್ಲಿ ಉದ್ಘಾಟಕರು, ಮುಖ್ಯ ಅತಿಥಿಗಳು, ದಾನಿಗಳ ಹೆಸರಿನ ಕೆಳಗೆ ಮೊದಲ ಬಾರಿಗೆ ಅವನ ಹೆಸರೂ ಅಚ್ಚಾಗಿದೆ. ಅವನ ಉಮ್ಮ ಆ ನೋಟಿಸನ್ನು ಮಡಚಿ ಅವನ ಹತ್ತನೇ ತರಗತಿಯ ಅಂಕಪಟ್ಟಿಯ ಜೊತೆಗೆ ಇಟ್ಟುಕೊಂಡಿದ್ದಾರೆ ಎಂದು ತಿಳಿಯಿತು.