ಹಾವಿನ ಬಣ್ಣವನ್ನು ನಂಬಬಹುದೇ?



ನಿಮ್ಮ ಊರಿನ ಅರಳಿಕಟ್ಟೆಯಲ್ಲಿ ನಾಗರಕಲ್ಲು ಇದೆಯೇ? ಅದಕ್ಕೆ ಬಣ್ಣವಿರುವುದಿಲ್ಲ. ಆದರೂ ಹೆಡೆ ಕಂಡ ಕೂಡಲೇ 'ಇದು ನಾಗರಹಾವು' ಎನ್ನುತ್ತೇವೆ. ಬೇಲೂರು, ಹಳೇಬೀಡಿನ ಶಿಲ್ಪಿಗಳು ಬಳಪದ ಕಲ್ಲಿನಲ್ಲಿ ಆನೆ, ಕುದುರೆ, ಸಿಂಹಗಳನ್ನು ಕೆತ್ತಿದ್ದಾರೆ. ಅವನ್ನೂ ನಾವು ಆಕಾರದಿಂದಲೇ ಗುರುತಿಸುತ್ತೇವೆ. ಆದರೆ ಜೀವಂತ ಹಾವು ಕಂಡಾಗ ಮಾತ್ರ ಮೊದಲು ಬಣ್ಣ ನೋಡುತ್ತೇವೆ. ಹಾಗೆ ನೋಡಿ ನಾನು ಎರಡು ಸಲ ತಪ್ಪು ಮಾಡಿದ್ದೇನೆ. ಆ ಕಥೆಯನ್ನು ನಿಮಗೆ ಹೇಳುತ್ತೇನೆ.

ನಾನಾಗ ಅರಸೀಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಏಳನೇ ತರಗತಿಯಲ್ಲಿದ್ದೆ. ಒಂದು ದಿನ ಗೋಡೆಯ ಬಿರುಕಿನಿಂದ ಮೈಮೇಲೆ ಬಿಳಿ ಪಟ್ಟೆಗಳಿದ್ದ ಹಾವೊಂದು ಹೊರಬಂತು. "ಕಟ್ಟುಹಾವು, ಕಟ್ಟುಹಾವು!" ಎಂದು ಕೂಗಿದವನು ನಾನೇ. ದೊಡ್ಡವರು ಓಡಿಬಂದು ಹೊಡೆದು ಕೊಂದರು. ನಮ್ಮ ಮೇಷ್ಟ್ರು ಸತ್ತ ಹಾವನ್ನು ಕಡ್ಡಿಯಿಂದ ಹೊರಳಿಸಿ ನೋಡಿದರು. "ಪಟ್ಟೆಗಳು ಕುತ್ತಿಗೆಯಿಂದಲೇ ಶುರುವಾಗಿ ಬಾಲದ ಕಡೆ ಮಾಸಿಹೋಗಿವೆ ನೋಡು. ಇದು ತೋಳಹಾವು. ಹಲ್ಲಿ ಹಿಡಿಯಲು ಬಂದಿತ್ತು, ಪಾಪ. ಇದಕ್ಕೆ ವಿಷವಿಲ್ಲ" ಎಂದರು. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಬೇಗ ಮರೆಯುತ್ತಿದ್ದೆನೇನೋ.

ಎರಡನೆಯ ತಪ್ಪು ಇದಕ್ಕಿಂತ ದೊಡ್ಡದು. ಮೂರು ವರ್ಷಗಳ ನಂತರ ಒಂದು ರಾತ್ರಿ ಕೊಬ್ಬರಿ ಅಟ್ಟದ ಕೆಳಗೆ ಅಂಥದೇ ಪಟ್ಟೆಯ ಹಾವು ಮಲಗಿತ್ತು. ಈ ಸಲ ನನಗೆ ಎಲ್ಲ ಗೊತ್ತಿದೆ ಎಂಬ ಧೈರ್ಯ. 'ತೋಳಹಾವು, ಹೊರಗೆ ಬಿಟ್ಟುಬರೋಣ' ಎಂದು ಕೈ ಚಾಚಿದೆ. "ಲೋ ಮಗ, ಕೈ ತೆಗಿಯೋ!" ಎಂದು ಅಜ್ಜಿ ಕಿರುಚಿದರು. ಅಷ್ಟರಲ್ಲಿ ಹಾವು ಜರುಗಿತು. ಬ್ಯಾಟರಿ ಬೆಳಕಿನಲ್ಲಿ ಕುತ್ತಿಗೆಯ ಹತ್ತಿರ ಪಟ್ಟೆಯೇ ಇರಲಿಲ್ಲ. ಮುಂದೆ ತೆಳುವಾದ ಜೋಡಿ ಪಟ್ಟೆಗಳು ಬಾಲದವರೆಗೂ ಸ್ಪಷ್ಟವಾಗಿದ್ದವು. ಅದು ನಿಜವಾದ ಕಟ್ಟುಹಾವು! ಬಾಗಿಲು ತೆರೆದಿಟ್ಟು ದೂರ ನಿಂತೆವು. ಅದು ತನ್ನ ಪಾಡಿಗೆ ತೋಟದ ಕಡೆ ಹೋಯಿತು.

ಮೊದಲ ಸಲ ನನ್ನಿಂದ ಒಂದು ಹಾವು ಸತ್ತಿತು. ಎರಡನೆಯ ಸಲ ನಾನೇ ಸಾಯಬಹುದಿತ್ತು.

ಹಾವಿನ ಬಣ್ಣ ಏಕೆ ಹೀಗೆ ಮೋಸ ಮಾಡುತ್ತದೆ? ಕೇರೆಹಾವನ್ನೇ ನೋಡಿ. ಒಂದು ಹಳದಿ, ಇನ್ನೊಂದು ಕಂದು, ಮತ್ತೊಂದು ಕಪ್ಪು. ಆದರೂ ಎಲ್ಲವೂ ಕೇರೆಗಳೇ. ಅಮೆರಿಕದಲ್ಲಿ ಕಿಂಗ್‌ಸ್ನೇಕ್ ಎಂಬ ವಿಷವಿಲ್ಲದ ಹಾವಿದೆ. ಬೇರೆ ಹಾವುಗಳನ್ನು ತಿನ್ನುವುದರಿಂದ ಅದಕ್ಕೆ 'ರಾಜ' ಎಂಬ ಹೆಸರು. ಕ್ಯಾಲಿಫೋರ್ನಿಯಾದಲ್ಲಿ ಕೆಲವಕ್ಕೆ ಅಡ್ಡ ಪಟ್ಟೆ, ಕೆಲವಕ್ಕೆ ಬೆನ್ನುದ್ದಕ್ಕೂ ಒಂದೇ ಗೆರೆ. ಇವು ಎರಡು ಬೇರೆ ಜಾತಿಗಳೆಂದು ಮೊದಲು ತಿಳಿದಿದ್ದರು. 1930ರ ದಶಕದಲ್ಲಿ ಲಾರೆನ್ಸ್ ಕ್ಲಾಬರ್ ಎಂಬ ವಿಜ್ಞಾನಿ, ಒಂದೇ ತಾಯಿಯ ಮೊಟ್ಟೆಗಳಿಂದ ಎರಡೂ ಬಗೆಯ ಮರಿಗಳು ಬರುತ್ತವೆ ಎಂದು ತೋರಿಸಿದರು.

ಇದಕ್ಕೆ ತದ್ವಿರುದ್ಧವಾದ ಉದಾಹರಣೆ ನಮ್ಮಲ್ಲೇ ಇದೆ. ಆಗುಂಬೆಯಂಥ ಮಲೆನಾಡಿನ ಕಾಡಿನಲ್ಲಿರುವ ಕಾಳಿಂಗ ಸರ್ಪವೂ ಹಾವು ತಿನ್ನುವ ರಾಜನೇ. ಬಹುಕಾಲ ಎಲ್ಲ ದೇಶಗಳ ಕಾಳಿಂಗಗಳೂ ಒಂದೇ ಜಾತಿ ಎಂದುಕೊಂಡಿದ್ದರು. ವಂಶವಾಹಿ, ಮೈಮೇಲಿನ ಪಟ್ಟೆ ಮುಂತಾದವನ್ನು ಹೋಲಿಸಿದ ವಿಜ್ಞಾನಿಗಳು 2024ರಲ್ಲಿ ಅವು ನಾಲ್ಕು ಜಾತಿ ಎಂದು ಪ್ರಕಟಿಸಿದರು. ಪಶ್ಚಿಮ ಘಟ್ಟದ್ದಕ್ಕೆ 'ಓಫಿಯೋಫಾಗಸ್ ಕಾಳಿಂಗ' ಎಂದು ಹೆಸರಿಟ್ಟರು. ನಮ್ಮ ಕನ್ನಡದ ಪದ ವಿಜ್ಞಾನದ ಹೆಸರಾಯಿತು!

ಇನ್ನು ಬಿಳಿ ಹಾವಿನ ವಿಷಯ. ಬಿಳಿ ನಾಗರ ಕಂಡರೆ ಜನ ಕೈಮುಗಿಯುತ್ತಾರೆ. ಅದರ ಮೈಯಲ್ಲಿ ಮೆಲನಿನ್ ಎಂಬ ಕಪ್ಪು ವರ್ಣಕ ತಯಾರಾಗುವುದಿಲ್ಲ, ಅಷ್ಟೆ. ತಂದೆ ತಾಯಿ ಇಬ್ಬರದೂ ಸಾಮಾನ್ಯ ಬಣ್ಣವಿದ್ದರೂ ಬಿಳಿ ಮರಿ ಹುಟ್ಟುವುದು ಹೇಗೆ? ಮಾಡಿ ನೋಡಿ. ಎರಡು ಚೀಲ ತೆಗೆದುಕೊಳ್ಳಿ. ಒಂದೊಂದರಲ್ಲೂ ಒಂದು ಹುಣಸೆಬೀಜ, ಒಂದು ಬಿಳಿ ಅವರೆಕಾಳು ಹಾಕಿ. ಒಂದು ಚೀಲ ತಂದೆ, ಇನ್ನೊಂದು ತಾಯಿ. ನೋಡದೆ ಎರಡರಿಂದಲೂ ಒಂದೊಂದು ತೆಗೆದು, ಬರೆದುಕೊಂಡು, ಮತ್ತೆ ಹಾಕಿ. ಹೀಗೆ 40 ಸಲ ಮಾಡಿ. ಒಂದು ಹುಣಸೆಬೀಜ ಬಂದರೂ ಮರಿ ಕಪ್ಪು. ಎರಡೂ ಅವರೆ ಬಂದರೆ ಮಾತ್ರ ಬಿಳಿ. ಸುಮಾರು 10 ಸಲ ಬಿಳಿ ಬರುತ್ತದೆ.

ಕಾಡಿನಲ್ಲಿ ಬಿಳಿ ಮರಿ ಹದ್ದು, ಮುಂಗುಸಿಗಳ ಕಣ್ಣಿಗೆ ಬೇಗ ಬೀಳುತ್ತದೆ. ಹಾಗಾಗಿ ಅಂಥವು ಅಪರೂಪ. ಆದರೆ ಪರದೇಶಗಳಲ್ಲಿ ಕಿಂಗ್‌ಸ್ನೇಕ್ ಸಾಕುವವರು ಬೇಕಾದ ಬಣ್ಣದ ಹಾವುಗಳನ್ನೇ ಆರಿಸಿ ಜೋಡಿ ಮಾಡಿ ಬಗೆಬಗೆಯ ಬಣ್ಣದ ಮರಿಗಳನ್ನು ಪಡೆದು ಮಾರುತ್ತಾರೆ. ಸ್ಪೇನ್ ದೇಶಕ್ಕೆ ಸೇರಿದ ಗ್ರಾನ್ ಕನೇರಿಯಾ ದ್ವೀಪದಲ್ಲಿ ಮೂಲತಃ ಹಾವುಗಳೇ ಇರಲಿಲ್ಲ. ಸಾಕಿದ ಕಿಂಗ್‌ಸ್ನೇಕ್‌ಗಳು ಅಲ್ಲಿ ಹೊರಬಿದ್ದು ಹೆಚ್ಚಿದವು. ಅವು ನೆಲೆಸಿದ ಕಡೆಯೆಲ್ಲ ಆ ದ್ವೀಪದ ದೈತ್ಯ ಹಲ್ಲಿಗಳು ಬಹುತೇಕ ಇಲ್ಲವಾಗಿವೆ. ಬಣ್ಣದ ಆಸೆಗೆ ಹಲ್ಲಿಗಳು ಬೆಲೆ ತೆತ್ತವು.

ನಮ್ಮ ದೇಶದಲ್ಲಿ ಹಾವು ಹಿಡಿಯುವುದು, ಸಾಕುವುದು, ಕೊಲ್ಲುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಇಲಿಗಳನ್ನು ತಿಂದು ರೈತನ ಬೆಳೆ ಉಳಿಸುವ ಹಾವು ತನ್ನ ಜಾಗದಲ್ಲೇ ಇರಲಿ.

ಮಕ್ಕಳೇ, ಹಾವು ಕಂಡರೆ ದೂರ ನಿಲ್ಲಿ, ದೊಡ್ಡವರನ್ನು ಕರೆಯಿರಿ. ರಾತ್ರಿ ಬ್ಯಾಟರಿ ಇಲ್ಲದೆ ನಡೆಯಬೇಡಿ. ನೆಲದ ಮೇಲೆ ಮಲಗುವುದಾದರೆ ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸೇರಿಸಿ. ಕಟ್ಟುಹಾವು ಕಚ್ಚಿದರೆ ನೋವು, ಊತ ಹೆಚ್ಚಾಗಿ ಇರುವುದಿಲ್ಲ. ಹಾಗೆಂದು ಸುಮ್ಮನಿರಬಾರದು. ಕಚ್ಚಿದ ಜಾಗ ಕೊಯ್ಯಬೇಡಿ, ಬಿಗಿಯಾಗಿ ಕಟ್ಟಬೇಡಿ, ಮಂತ್ರಕ್ಕೆ ಕಾಯಬೇಡಿ. ಕೈಕಾಲು ಅಲುಗಾಡಿಸದೆ 108ಕ್ಕೆ ಕರೆ ಮಾಡಿ ಆಸ್ಪತ್ರೆ ಸೇರಿ.

ಅಜ್ಜಿಗೆ ತೋಳಹಾವು, ಕಟ್ಟುಹಾವಿನ ವ್ಯತ್ಯಾಸ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಮುಟ್ಟಬಾರದು ಎಂಬುದು ಗೊತ್ತಿತ್ತು. ಆ ರಾತ್ರಿ ನನ್ನನ್ನು ಉಳಿಸಿದ್ದು ಅದೇ.