ಕ್ರಯಪತ್ರದಲ್ಲಿ ಕಾಣದ ಸಹಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಹಿರಿಯರ ಮಾತು ಇಂದಿನ ನಗರವಾಸಿ ಗೃಹಸ್ಥನಿಗೆ ಅರ್ಧ ಮಾತ್ರ ಅನ್ವಯಿಸುತ್ತದೆ. ಅವನು ಮನೆಯನ್ನು ಕಟ್ಟುವುದಿಲ್ಲ, ಕೊಳ್ಳುತ್ತಾನೆ. ಕಟ್ಟುವವನಿಗೆ ಇಟ್ಟಿಗೆ, ಮರಳು, ಮೇಸ್ತ್ರಿಗಳ ಚಿಂತೆಯಾದರೆ ಕೊಳ್ಳುವವನಿಗೆ ಕಾಗದಪತ್ರಗಳ ಚಿಂತೆ. ಸಾಲ ಎಷ್ಟು ಸಿಕ್ಕೀತು, ಖಾತೆ ಸರಿಯಿದೆಯೆ, ಬೆಲೆ ಮುಂದೆ ಏರೀತೆ ಎಂದು ಅವನು ಹತ್ತು ಜನರನ್ನು ಕೇಳುತ್ತಾನೆ. ಇವೆಲ್ಲವೂ ಅವಶ್ಯವಾದ ಪ್ರಶ್ನೆಗಳೇ. ಆದರೆ ಇವೆಲ್ಲ ತನ್ನ ಹಣದ ರಕ್ಷಣೆಗೆ ಸಂಬಂಧಿಸಿದವು. ಇವುಗಳ ಹಿಂದೆ ಇನ್ನೊಂದು ಪ್ರಶ್ನೆ ನಿಂತಿರುತ್ತದೆ: ಈ ಆಸ್ತಿಯಲ್ಲಿ ಮತ್ತೊಬ್ಬರ ಪಾಲು ಅಡಗಿದೆಯೆ? ಈ ಪ್ರಶ್ನೆಯನ್ನು ಕೇಳುವ ಧೈರ್ಯ ಎಲ್ಲರಿಗೂ ಇರುವುದಿಲ್ಲ. ಏಕೆಂದರೆ ಅದರ ಉತ್ತರವು ಕೆಲವೊಮ್ಮೆ ಕೇಳಿದವನ ಮನೆಯ ಬಾಗಿಲಿಗೇ ಬಂದು ನಿಲ್ಲುತ್ತದೆ. ಬೆಂಗಳೂರಿನಲ್ಲಿ ನೆಲೆಸಿದ ಶ್ರಾವಕ ದಂಪತಿಗಳೊಬ್ಬರ ಅನುಭವ ಇದಕ್ಕೆ ನಿದರ್ಶನವಾಗಿದೆ.

ಪತಿ ಬೆಳಗಾವಿ ಜಿಲ್ಲೆಯ ಒಕ್ಕಲುತನದ ಮನೆಯಿಂದ ಬಂದವರು, ಖಾಸಗಿ ಸಂಸ್ಥೆಯೊಂದರಲ್ಲಿ ಲೆಕ್ಕಿಗರು. ಪತ್ನಿ ಪ್ರೌಢಶಾಲೆಯ ಶಿಕ್ಷಕಿ. ಹನ್ನೊಂದು ವರ್ಷ ಬಾಡಿಗೆಯ ಮನೆಗಳಲ್ಲಿ ಕಳೆದು, ನಾಲ್ಕು ಸಲ ಸಾಮಾನು ಕಟ್ಟಿದ ಮೇಲೆ ಸ್ವಂತದ್ದೊಂದು ಸೂರು ಬೇಕೆಂದು ಅವರಿಗೆ ಅನ್ನಿಸಿದ್ದು ಸಹಜವೇ. ಅವರ ಉಳಿತಾಯ 19 ಲಕ್ಷ ರೂಪಾಯಿ. ಊರಿನಲ್ಲಿ ತಂದೆ ಪಿತ್ರಾರ್ಜಿತ ಹೊಲದ ಒಂದು ತುಂಡನ್ನು 12 ಲಕ್ಷಕ್ಕೆ ಮಾರಿ, ಅರ್ಧವನ್ನು ತಮ್ಮ ವೃದ್ಧಾಪ್ಯಕ್ಕೆ ಇರಿಸಿಕೊಂಡು, ಉಳಿದ 6 ಲಕ್ಷವನ್ನು ಮಗನಿಗೆ ಕೊಟ್ಟಿದ್ದರು. ಹೀಗೆ ಕೈಯಲ್ಲಿದ್ದುದು 25 ಲಕ್ಷ.

ಲೆಕ್ಕಿಗರಾದ್ದರಿಂದ ಅವರು ಮೊದಲು ಲೆಕ್ಕ ಹಾಕಿದರು. 30 ಲಕ್ಷದಿಂದ 75 ಲಕ್ಷದವರೆಗಿನ ಗೃಹಸಾಲದಲ್ಲಿ ಬ್ಯಾಂಕು ಆಸ್ತಿಯ ಮೌಲ್ಯದ ನೂರಕ್ಕೆ 80ರಷ್ಟನ್ನು ಮೀರಿ ಕೊಡುವಂತಿಲ್ಲ. ಮುದ್ರಾಂಕ ಮತ್ತು ನೋಂದಣಿಯ ವೆಚ್ಚ ಆ ಮೌಲ್ಯದಲ್ಲಿ ಸೇರುವುದಿಲ್ಲ. ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ನೂರಕ್ಕೆ 1ರಿಂದ 2ಕ್ಕೆ ಏರಿದೆ. ನಗರಪ್ರದೇಶದಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ, ಉಪಕರಗಳು, ನೋಂದಣಿ ಎಲ್ಲ ಸೇರಿ ನೂರಕ್ಕೆ 7.6 ಆಗುತ್ತದೆ. 60 ಲಕ್ಷದ ಮನೆಗೆ ಇದೊಂದೇ 4,56,000 ರೂಪಾಯಿ. 40 ಲಕ್ಷ ಸಾಲವನ್ನು ನೂರಕ್ಕೆ 9ರ ಬಡ್ಡಿಯಲ್ಲಿ 20 ವರ್ಷಕ್ಕೆ ಪಡೆದರೆ ತಿಂಗಳ ಕಂತು ಸುಮಾರು 36,000. ಮೊದಲ ಕಂತಿನಲ್ಲಿ 30,000 ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸಲ್ಲುವುದು 6,000 ಮಾತ್ರ. ಕೊನೆಗೆ ತೀರಿಸಿದ ಮೊತ್ತ 86 ಲಕ್ಷವನ್ನು ದಾಟುತ್ತದೆ. ಈ ಅಂಕಿಗಳನ್ನು ಕಣ್ಣೆದುರು ಇಟ್ಟುಕೊಂಡು ದಂಪತಿಗಳು 60 ಲಕ್ಷವನ್ನು ತಮ್ಮ ಮಿತಿಯೆಂದು ಗೊತ್ತುಪಡಿಸಿಕೊಂಡರು. ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ಆಚಾರ್ಯರು ಮೊದಲು ಎಣಿಸಿರುವುದು ಕ್ಷೇತ್ರ ಮತ್ತು ವಾಸ್ತು, ಅಂದರೆ ಭೂಮಿ ಮತ್ತು ಮನೆ. ಮಿತಿಯನ್ನು ಮನೆ ನೋಡುವ ಮೊದಲೇ ಹಾಕಿಕೊಳ್ಳಬೇಕು. ನೋಡಿದ ಮೇಲೆ ಮಿತಿಯೇ ಮನೆಯ ಹಿಂದೆ ಓಡತೊಡಗುತ್ತದೆ.

ಅವರು ಮೊದಲು ನೋಡಿದ್ದು ನಗರದ ಅಂಚಿನ ಒಂದು ರೆವಿನ್ಯೂ ನಿವೇಶನ. ಬೆಲೆ ಅಗ್ಗ. ನೋಂದಾಯಿತ ಕ್ರಯಪತ್ರದ ಬದಲು ಜನರಲ್ ಪವರ್ ಆಫ್ ಅಟಾರ್ನಿ ಮಾಡಿಕೊಡುವುದಾಗಿ ಮಧ್ಯವರ್ತಿ ಹೇಳಿದ. ಇಂಥ ಅಧಿಕಾರಪತ್ರದಿಂದ ಸ್ವಾಮ್ಯ ವರ್ಗಾವಣೆಯಾಗುವುದಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿಯೇ ಸ್ಪಷ್ಟಪಡಿಸಿದೆ. ವಕೀಲರು ಹಳೆಯ ಪಹಣಿಗಳನ್ನು ತೆಗೆಸಿ ನೋಡಿದಾಗ ಅದು ವ್ಯವಸಾಯದಿಂದ ಪರಿವರ್ತನೆಯಾಗದ ಭೂಮಿಯಷ್ಟೇ ಅಲ್ಲ, ಪರಿಶಿಷ್ಟ ಜಾತಿಯ ಕುಟುಂಬವೊಂದಕ್ಕೆ ಸರ್ಕಾರ ಮಂಜೂರು ಮಾಡಿದ ಭೂಮಿ ಎಂದೂ ತಿಳಿಯಿತು. ಪಿ.ಟಿ.ಸಿ.ಎಲ್. ಎಂದು ಪ್ರಸಿದ್ಧವಾದ 1978ರ ಕಾಯ್ದೆಯಂತೆ ಅಂಥ ಭೂಮಿಯನ್ನು ಸರ್ಕಾರದ ಅನುಮತಿಯಿಲ್ಲದೆ ಪರಭಾರೆ ಮಾಡಿದರೆ ಅದು ಸಿಂಧುವಾಗುವುದಿಲ್ಲ. ಬಡವನ ಕೈತಪ್ಪಿದ ನೆಲ ಕಡಿಮೆ ಬೆಲೆಗೆ ಸಿಗುತ್ತದೆ ಎಂಬ ಕಾರಣಕ್ಕೆ ಕೊಳ್ಳುವವನು ಕಣ್ಣು ಮುಚ್ಚಿದರೆ, ಕದ್ದು ತಂದುದನ್ನು ಸ್ವೀಕರಿಸುವ ತದಾಹೃತಾದಾನದಿಂದ ಅವನು ಎಷ್ಟು ದೂರದಲ್ಲಿದ್ದಾನು? ದಂಪತಿಗಳು ಅಲ್ಲಿಂದ ಹಿಂದಿರುಗಿದರು.

ಎರಡನೆಯದು ಕಟ್ಟುತ್ತಿದ್ದ ಬಹುಮಹಡಿ ಕಟ್ಟಡದಲ್ಲಿನ ಒಂದು ಫ್ಲ್ಯಾಟು. ಜಾಹೀರಾತಿನಲ್ಲಿ 1,250 ಚದರ ಅಡಿ ಎಂದಿತ್ತು. ಮೆಟ್ಟಿಲು, ಲಿಫ್ಟು, ಪಡಸಾಲೆಗಳ ಪಾಲನ್ನು ಕಳೆದರೆ ಗೋಡೆಗಳ ಒಳಗೆ ಕಾಲಿಡಲು ದೊರೆಯುವ ಕಾರ್ಪೆಟ್ ವಿಸ್ತೀರ್ಣ 870 ಮಾತ್ರ. ಹೀಗೆ ಅಳತೆಯಲ್ಲಿ ಮರೆಮಾಚುವುದನ್ನು ತಪ್ಪಿಸಲೆಂದೇ 2016ರ ರೇರಾ ಕಾಯ್ದೆ ಕಾರ್ಪೆಟ್ ವಿಸ್ತೀರ್ಣಕ್ಕೆ ನಿಶ್ಚಿತ ವ್ಯಾಖ್ಯೆ ಕೊಟ್ಟು ಅದನ್ನು ಪ್ರಕಟಿಸುವಂತೆ ವಿಧಿಸಿದೆ. ನೋಂದಾಯಿತ ಕರಾರು ಆಗುವ ಮೊದಲು ಬೆಲೆಯ ನೂರಕ್ಕೆ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ. ಕೊಳ್ಳುವವರಿಂದ ಬಂದ ಹಣದಲ್ಲಿ ನೂರಕ್ಕೆ 70 ಭಾಗವನ್ನು ಅದೇ ಯೋಜನೆಯ ಭೂಮಿ ಮತ್ತು ನಿರ್ಮಾಣದ ವೆಚ್ಚಕ್ಕೆಂದು ಪ್ರತ್ಯೇಕ ಖಾತೆಯಲ್ಲಿ ಇಡಬೇಕು. ನಿರ್ಮಾಪಕರ ಕಚೇರಿಯವರು ಕರಾರಿಗೆ ಮುಂಚೆಯೇ ನೂರಕ್ಕೆ 20 ಕೇಳಿದರು. ವ್ಯಾಪಾರಿಗಳ ಕುಲದಲ್ಲಿ ತಕ್ಕಡಿಯನ್ನು ಪೂಜಿಸುವವರಿದ್ದಾರೆ. ಅಳತೆ ಮೊದಲ ಮಾತಿನಲ್ಲಿಯೇ ತಪ್ಪಿದ ಅಂಗಡಿಗೆ ಎರಡನೆಯ ಸಲ ಹೋಗಬಾರದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೂರನೆಯ ಮನೆ ಅವರ ಮನಸ್ಸನ್ನು ಹಿಡಿಯಿತು. ಹಳೆಯದಾದರೂ ಗಟ್ಟಿಯಾದ ಮನೆ. ಮುಂದೆ ಒಂದು ನೆಲ್ಲಿಯ ಗಿಡ. ಬಸದಿಗೆ ನಡೆದು ಹೋಗುವಷ್ಟು ದೂರ. ಸುತ್ತಲಿನ ಇಂಥ ಮನೆಗಳು 70 ಲಕ್ಷಕ್ಕೆ ಮಾರಾಟವಾಗುತ್ತಿದ್ದರೆ ಇದನ್ನು ಇಬ್ಬರು ಅಣ್ಣತಮ್ಮಂದಿರು 60 ಲಕ್ಷಕ್ಕೆ ಕೊಡಲು ಸಿದ್ಧರಿದ್ದರು. ಅವರ ತಂದೆಗೆ ಪ್ರಾಧಿಕಾರದಿಂದ ಮಂಜೂರಾದ ನಿವೇಶನ. ತಂದೆತಾಯಿ ಉಯಿಲು ಬರೆಯದೆ ತೀರಿಹೋಗಿದ್ದರು. ಇ-ಖಾತೆ ಅಣ್ಣತಮ್ಮಂದಿರ ಹೆಸರಿನಲ್ಲಿತ್ತು, ತೆರಿಗೆ ಬಾಕಿಯಿರಲಿಲ್ಲ, ಮೂವತ್ತು ವರ್ಷಗಳ ಋಣಭಾರ ಪ್ರಮಾಣಪತ್ರ ನಿರ್ಮಲವಾಗಿತ್ತು. ದಂಪತಿಗಳು ಒಂದು ಲಕ್ಷ ರೂಪಾಯಿಯ ಚೆಕ್ಕನ್ನು ಮುಂಗಡವಾಗಿ ಕೊಟ್ಟರು.

ಷರತ್ತು ಒಂದಿತ್ತು. ಕ್ರಯಪತ್ರದಲ್ಲಿ 46 ಲಕ್ಷ ಕಾಣಿಸಿ, 14 ಲಕ್ಷವನ್ನು ನಗದಾಗಿ ಕೊಡಬೇಕು. ಇದರಿಂದ ಕೊಳ್ಳುವವರಿಗೂ 1,06,400 ರೂಪಾಯಿ ಉಳಿಯುತ್ತದೆಂದು ಮಧ್ಯವರ್ತಿ ಲೆಕ್ಕ ತೋರಿಸಿದ. ಲೆಕ್ಕಿಗರು ತಮ್ಮ ಲೆಕ್ಕವನ್ನು ತೋರಿಸಿದರು. ಸ್ಥಿರಾಸ್ತಿಯ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ನಗದು ಪಡೆಯುವುದನ್ನು 2015ರ ಜೂನ್ 1ರಿಂದ ಕಾನೂನು ನಿಷೇಧಿಸಿದೆ. ಪಡೆದವನಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. 14 ಲಕ್ಷಕ್ಕೆ ರಸೀದಿಯಿಲ್ಲ, ಬ್ಯಾಂಕಿನ ಸಾಲವಿಲ್ಲ. ವ್ಯವಹಾರ ಮುರಿದರೆ ಹಿಂದೆ ಕೇಳಲು ಆಧಾರವಿಲ್ಲ. ಮುಂದೆ ಎಂದಾದರೂ ಮಾರಿದರೆ ಕೊಂಡ ಬೆಲೆ 46 ಲಕ್ಷವೆಂದೇ ಎಣಿಕೆಯಾಗಿ, ಉಳಿದ 14 ಲಕ್ಷವೂ ಲಾಭವೆಂದು ತೆರಿಗೆಗೆ ಒಳಗಾಗುತ್ತದೆ. ಅಣ್ಣತಮ್ಮಂದಿರು ಒಂದು ವಾರ ಯೋಚಿಸಿ ಪೂರ್ತಿ ಬೆಲೆಯನ್ನೇ ಪತ್ರದಲ್ಲಿ ಬರೆಯಲು ಒಪ್ಪಿದರು. ಒಂದು ಅಡ್ಡಿ ಸರಿಯಿತು.

ಆ ಸಂತೋಷದಲ್ಲಿ ಮನೆಯನ್ನು ಇನ್ನೊಮ್ಮೆ ನೋಡಲು ಹೋದಾಗ, ಗೋಡೆಯ ಮೇಲಿನ ಹಳೆಯ ಛಾಯಾಚಿತ್ರವೊಂದು ಪತ್ನಿಯ ಕಣ್ಣಿಗೆ ಬಿತ್ತು. ತಂದೆತಾಯಿಗಳ ಮುಂದೆ ಇಬ್ಬರು ಹುಡುಗರು, ಅವರ ನಡುವೆ ಎರಡು ಜಡೆಯ ಹುಡುಗಿ. ಯಾರೆಂದು ಕೇಳಿದಾಗ ಹಿರಿಯಣ್ಣ ಕ್ಷಣಕಾಲ ಸುಮ್ಮನಿದ್ದು, ತಂಗಿಯೆಂದೂ ಮದುವೆಯಾಗಿ ಶಿವಮೊಗ್ಗದ ಕಡೆ ಇದ್ದಾಳೆಂದೂ ಹೇಳಿದ. ದಂಪತಿಗಳಿಗೆ ಕೊಟ್ಟ ವಂಶವೃಕ್ಷದಲ್ಲಿ ಆ ಹೆಸರಿರಲಿಲ್ಲ.

ಖಾತೆ ತೆರಿಗೆಯ ದಾಖಲೆಯೇ ಹೊರತು ಸ್ವಾಮ್ಯದ ಪುರಾವೆಯಲ್ಲ. ಋಣಭಾರ ಪತ್ರ ನೋಂದಣಿಯಾದ ವ್ಯವಹಾರಗಳನ್ನು ಮಾತ್ರ ತೋರಿಸುತ್ತದೆ. ಹುಟ್ಟಿನಿಂದ ಬಂದ ಹಕ್ಕು ಯಾವ ಕಚೇರಿಯಲ್ಲಿಯೂ ನೋಂದಣಿಯಾಗುವುದಿಲ್ಲ. ತಂದೆ ಸ್ವತಃ ಗಳಿಸಿದ ಆಸ್ತಿ ಉಯಿಲಿಲ್ಲದೆ ಉಳಿದರೆ ಮಗಳೂ ಮಗನಿಗೆ ಸಮನಾದ ಹಕ್ಕುದಾರಳೆಂದು ಜೈನರಿಗೂ ಅನ್ವಯಿಸುವ ಹಿಂದೂ ಉತ್ತರಾಧಿಕಾರ ಕಾಯ್ದೆ 1956ರಲ್ಲಿಯೇ ಹೇಳಿದೆ. ಪಿತ್ರಾರ್ಜಿತ ಆಸ್ತಿಯಲ್ಲಿಯೂ ಆ ಸಮಾನತೆ 2005ರ ತಿದ್ದುಪಡಿಯಿಂದ ಬಂದು, ಸರ್ವೋಚ್ಚ ನ್ಯಾಯಾಲಯದ 2020ರ ತೀರ್ಪಿನಿಂದ ದೃಢವಾಗಿದೆ. ಆದ್ದರಿಂದ ಆ ಮನೆಯಲ್ಲಿ ಮೂರರಲ್ಲೊಂದು ಪಾಲು ಆ ಜಡೆಯ ಹುಡುಗಿಯದು. 60 ಲಕ್ಷದಲ್ಲಿ 20 ಲಕ್ಷ. ಸುತ್ತಲಿನ ಮನೆಗಳಿಗಿಂತ 10 ಲಕ್ಷ ಕಡಿಮೆ ಬೆಲೆ ಏಕೆಂಬುದೂ ಈಗ ತಿಳಿಯಿತು. ಆ ರಿಯಾಯಿತಿಯನ್ನು ಕೊಡುತ್ತಿದ್ದವರು ಅಣ್ಣತಮ್ಮಂದಿರಲ್ಲ, ತಂಗಿ. ಅದೂ ಅವಳಿಗೆ ತಿಳಿಯದಂತೆ.

ತಂಗಿ ಬಂದು ಕ್ರಯಪತ್ರಕ್ಕೆ ಸಹಿ ಮಾಡಲಿ, ಅವಳ ಪಾಲು ಅವಳ ಖಾತೆಗೇ ಸಲ್ಲಲಿ ಎಂದು ದಂಪತಿಗಳು ಕೇಳಿದರು. ಅವಳ ಮದುವೆಗೆ ಸಾಕಷ್ಟು ಖರ್ಚಾಗಿದೆ, ಕೊಟ್ಟ ಹೆಣ್ಣು ತವರಿನ ಆಸ್ತಿ ಕೇಳುವ ಪದ್ಧತಿ ತಮ್ಮಲ್ಲಿಲ್ಲ ಎಂಬ ಉತ್ತರ ಬಂತು. ಪತಿಯ ಮನಸ್ಸು ಒಳಗೇ ಸಡಿಲವಾಗತೊಡಗಿತ್ತು. ನೆಲ್ಲಿಯ ಗಿಡ, ಬಸದಿಯ ಸಾಮೀಪ್ಯ, ಹನ್ನೊಂದು ವರ್ಷಗಳ ಬಾಡಿಗೆ. ಅವರವರ ಮನೆಯ ವಿಷಯ ತಮಗೇಕೆ ಎಂದು ಅವರು ರಾತ್ರಿ ಪತ್ನಿಯೊಡನೆ ಹೇಳಿದರು. ಪತ್ನಿ ವಾದಿಸಲಿಲ್ಲ. "ನಿಮ್ಮ ತಂಗಿ ಹೊಲದ ಪತ್ರಕ್ಕೆ ಸಹಿ ಮಾಡಿದಾಗ ಅವಳಿಗೆ ಏನು ಕೊಟ್ಟಿರಿ?" ಎಂದು ಮಾತ್ರ ಕೇಳಿದರು.

ಏನೂ ಕೊಟ್ಟಿರಲಿಲ್ಲ. ತಂಗಿ ಬೆಳಗಿನ ಬಸ್ಸಿಗೆ ಮಗುವನ್ನು ಎತ್ತಿಕೊಂಡು ತಾಲ್ಲೂಕಿನ ಉಪನೋಂದಣಿ ಕಚೇರಿಗೆ ಬಂದಿದ್ದಳು. ತೋರಿಸಿದ ಕಡೆ ಸಹಿ ಮಾಡಿ, ಹೆಬ್ಬೆರಳೊತ್ತಿ, ತವರಿನಲ್ಲಿ ಊಟ ಮುಗಿಸಿ, ಒಂದು ಸೀರೆಯನ್ನು ಪಡೆದು ಸಂಜೆಯ ಬಸ್ಸಿಗೆ ಹಿಂದಿರುಗಿದ್ದಳು. ಎಷ್ಟಕ್ಕೆ ಮಾರಿದಿರೆಂದು ಅವಳು ಕೇಳಿರಲಿಲ್ಲ, ಯಾರೂ ಹೇಳಿರಲಿಲ್ಲ. ಅವಳ ಸಹಿ ಪತ್ರದಲ್ಲಿತ್ತು, ಆದ್ದರಿಂದ ಕಾನೂನಿಗೆ ಕೊರತೆಯಿರಲಿಲ್ಲ. ಶಿವಮೊಗ್ಗದ ಹೆಣ್ಣುಮಗಳಿಗೂ ಇವಳಿಗೂ ಇದ್ದ ಅಂತರ ಆ ಒಂದು ಸಹಿಯಷ್ಟೇ ಆಗಿತ್ತು. ಬೇರೆಯವರ ವಂಶವೃಕ್ಷದಲ್ಲಿ ಬಿಟ್ಟುಹೋದ ಹೆಸರನ್ನು ಹುಡುಕಿದವರು ತಮ್ಮ ಲೆಕ್ಕದ ಪುಸ್ತಕದಲ್ಲಿಯೂ ಒಂದು ಹೆಸರು ಬಿಟ್ಟುಹೋಗಿರುವುದನ್ನು ಕಂಡರು.

ಆ ಮನೆಯನ್ನು ಅವರು ಬಿಟ್ಟರು. ಮುಂಗಡದ ಹಣ ನಾಲ್ಕು ತಿಂಗಳ ಮೇಲೆ ಎರಡು ಕಂತುಗಳಲ್ಲಿ ಹಿಂದಿರುಗಿತು. ಅಷ್ಟರಲ್ಲಿ ಮನೆ ಇನ್ನೊಬ್ಬರ ಪಾಲಾಗಿತ್ತು. ಆ ತಂಗಿಗೆ ಏನಾದರೂ ದೊರೆಯಿತೆ ಎಂಬುದು ಇವರಿಗೆ ತಿಳಿಯಲಿಲ್ಲ. ತಿಳಿದದ್ದು ತಮ್ಮ ಮನೆಯದು. ಪತಿ ತಂದೆಗೆ ವಿಷಯವನ್ನು ಹೇಳಿದಾಗ ಅವರು ಒಂದು ವಾರ ದೂರವಾಣಿಯಲ್ಲಿ ಸರಿಯಾಗಿ ಮಾತನಾಡಲಿಲ್ಲ. ಆಮೇಲೆ, ನಿನಗೆ ಕೊಟ್ಟದ್ದು ನಿನ್ನದು, ತೋಚಿದಂತೆ ಮಾಡು ಎಂದರು. ಮಗ 6 ಲಕ್ಷದಲ್ಲಿ 3 ಲಕ್ಷವನ್ನು ತಂಗಿಯ ಖಾತೆಗೆ ಜಮಾ ಮಾಡಿ ತಿಳಿಸಿದರು. ಅವಳು ಬೇಡವೆನ್ನುತ್ತಾಳೆ, ತವರಿನ ಪ್ರೀತಿಯೇ ಸಾಕೆನ್ನುತ್ತಾಳೆ ಎಂದು ಮನೆಯವರೆಲ್ಲ ಎಣಿಸಿದ್ದರು. ಅವಳು ಬೇಡವೆನ್ನಲಿಲ್ಲ. ಮಗಳ ಕಾಲೇಜಿನ ಶುಲ್ಕಕ್ಕೆ ಒಡವೆಯನ್ನು ಒತ್ತೆಯಿಟ್ಟಿದ್ದೆ, ಅದನ್ನು ಬಿಡಿಸಿಕೊಳ್ಳುತ್ತೇನೆ ಎಂದಳು. ಕೇಳದಿದ್ದವಳಿಗೆ ಅವಶ್ಯಕತೆಯಿಲ್ಲವೆಂದು ಇಷ್ಟು ದಿನ ಎಲ್ಲರೂ ನಂಬಿಕೊಂಡಿದ್ದರು.

ಉಳಿದ 22 ಲಕ್ಷದೊಡನೆ ದಂಪತಿಗಳು ಮತ್ತೆ ಹುಡುಕಿ, ಹತ್ತು ವರ್ಷ ಹಳೆಯದಾದ ಕಟ್ಟಡವೊಂದರಲ್ಲಿ ಎರಡು ಕೋಣೆಗಳ ಫ್ಲ್ಯಾಟನ್ನು 52 ಲಕ್ಷಕ್ಕೆ ಕೊಂಡರು. ವಾಸಯೋಗ್ಯ ಪ್ರಮಾಣಪತ್ರವನ್ನೂ ಮೂಲ ಪತ್ರಗಳನ್ನೂ ವಕೀಲರು ನೋಡಿದರು; ಮಾರುವವರ ಮನೆಯಲ್ಲಿ ಯಾರು ಯಾರಿದ್ದಾರೆಂದು ಪತ್ನಿ ಕೇಳಿದರು. ಆಸ್ತಿ 50 ಲಕ್ಷವನ್ನು ಮೀರಿದ್ದರಿಂದ ನೂರಕ್ಕೆ 1ರಂತೆ ತೆರಿಗೆಯನ್ನು ಮುರಿದುಕೊಂಡು ಸರ್ಕಾರಕ್ಕೆ ಕಟ್ಟಿದರು. ಪೂರ್ತಿ ಬೆಲೆ ಪತ್ರದಲ್ಲಿದೆ. 34 ಲಕ್ಷದ ಸಾಲಕ್ಕೆ ತಿಂಗಳ ಕಂತು ಸುಮಾರು 30,600. ನೆಲ್ಲಿಯ ಗಿಡವಿಲ್ಲ, ಬಸದಿಗೆ ಎರಡು ಬಸ್ಸು ಬದಲಾಯಿಸಬೇಕು.

ಮೊದಲ ಬಾರಿಗೆ ಆಸ್ತಿ ಕೊಳ್ಳುವ ಗೃಹಸ್ಥರೂ, ದಾನವಾಗಿ ಮನೆ ನಿವೇಶನಗಳನ್ನು ಸ್ವೀಕರಿಸುವ ಬಸದಿಗಳ ಟ್ರಸ್ಟುಗಳೂ ಇದರಿಂದ ಒಂದು ಮಾತನ್ನು ಗ್ರಹಿಸಬಹುದು. ಕೊಡುವವರ ಕುಟುಂಬದಲ್ಲಿ ಹೆಣ್ಣುಮಕ್ಕಳು ಯಾರು, ಅವರು ಒಪ್ಪಿದ್ದಾರೆಯೆ, ಯಾವುದಕ್ಕೆ ಒಪ್ಪಿದ್ದೇವೆಂಬುದು ಅವರಿಗೆ ತಿಳಿದಿದೆಯೆ ಎಂದು ಕೇಳುವುದು ಅವಮಾನವಲ್ಲ. ಇದನ್ನು ಕೇಳಿದರೆ ಮುಂದೆ ನ್ಯಾಯಾಲಯದ ಮೆಟ್ಟಿಲು ಹತ್ತುವ ಕಷ್ಟ ತಪ್ಪುತ್ತದೆ, ಅಚೌರ್ಯವೂ ಉಳಿಯುತ್ತದೆ. ಕಾನೂನು ಸಹಿಯನ್ನು ಮಾತ್ರ ನೋಡಬಲ್ಲದು. ಸಹಿ ಮಾಡಿದ ಕೈ ಬರಿದಾಗಿ ಹಿಂದಿರುಗಿತೆ ಎಂಬುದನ್ನು ಮನೆಯವರೇ ನೋಡಬೇಕು.

ಗೃಹಪ್ರವೇಶದ ದಿನ ತಂಗಿ ಹಿಂದಿನ ರಾತ್ರಿಯೇ ಬಂದಳು. ಎರಡೂ ಕೋಣೆಗಳನ್ನು ನೋಡಿ, ಚಿಕ್ಕದಾಯಿತಲ್ಲ ಅಣ್ಣ ಎಂದಳು. ನಾಲ್ಕು ದಿನ ಇದ್ದು ಹೋದಳು.